ಬಣ್ಣ ಹಚ್ಚುವ ಮುಂಚಿನ ನಾಟಕ

ಪೂರ್ತಿ ಹದಕ್ಕೆ ಬರುವ ಮೊದಲೇ ನಾಟಕವನ್ನು ಜನರ ಮುಂದಿಟ್ಟು ನೋಡುವ ರೂಢಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲೂ ಇದೆ, ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲೂ ಇದೆ. ಅಲ್ಲಿ ಅದು ಪ್ರಿವ್ಯೂ. ಟಿಕೆಟ್ ಕೊಂಡು ಹೋಗಬೇಕು. ಇಲ್ಲಿ ಅದು ಪೌರಾಣಿಕ ನಾಟಕದ ಟ್ರಯಲ್. ಟಿಕೆಟ್ ಇಲ್ಲ, ಕೂರುವ ಚಾಪೆಯನ್ನು ಮಾತ್ರ ಮನೆಯಿಂದ ತರಬೇಕು. ಈರೋಡ್ ಜಿಲ್ಲೆಯ ತಾಳವಾಡಿ, ತಾಳಮಲೆ, ಗಾಜನೂರು ಕಡೆಯ ಕನ್ನಡದ ಊರುಗಳಲ್ಲೂ ಇದೇ ಟ್ರಯಲ್; ಅವು ಆಡಳಿತದಲ್ಲಿ ತಮಿಳುನಾಡಿನವು, ನಾಟಕದ ರುಚಿಯಲ್ಲಿ ಚಾಮರಾಜನಗರದ ನೆರೆಮನೆಯವು. ಬ್ರಾಡ್‌ವೇ, ಹಳ್ಳಿ ಎರಡೂ ಕಡೆ ಹಸಿ ನಾಟಕವೇ ಬಯಲಿಗೆ ಬರುತ್ತದೆ, ಆದರೆ ಪರೀಕ್ಷೆಗೆ ಕೂರುವುದು ಬೇರೆ ಬೇರೆ. ಬ್ರಾಡ್‌ವೇಯಲ್ಲಿ ಪರೀಕ್ಷೆ ನಾಟಕಕ್ಕೆ, ಇಲ್ಲಿ ಪಾತ್ರಧಾರಿಗೆ. ಈ ವ್ಯತ್ಯಾಸ ತಿಳಿಯದೆ ಹೋದವರಿಗೆ ಎರಡರಲ್ಲೂ ರಸ ಹತ್ತುವುದಿಲ್ಲ.

ಬ್ರಾಡ್‌ವೇಯ ನಾಟಕ ಸಾಮಾನ್ಯವಾಗಿ ವಾರಕ್ಕೆ ಎಂಟು ಪ್ರದರ್ಶನ ಕಾಣುತ್ತದೆ. ಹೊಸ ನಾಟಕವಾದರೆ ಅಧಿಕೃತ ಮೊದಲ ರಾತ್ರಿಗೆ ಮುನ್ನ ಎರಡು ಮೂರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಪ್ರಿವ್ಯೂ ನಡೆಯುತ್ತದೆ. ಹಗಲು ತಾಲೀಮು, ಸಂಜೆ ಆಟ. ನಿನ್ನೆ ಸಭಿಕರು ಕೆಮ್ಮುತ್ತ ಕೂತ ದೃಶ್ಯ ಮಧ್ಯಾಹ್ನ ಕತ್ತರಿಗೆ ಸಿಗುತ್ತದೆ, ಸಂಜೆ ಹೊಸ ಮಾತು ಹೊತ್ತು ಬರುತ್ತದೆ. ನಟರು ಎರಡು ಗಂಟೆ ಹಿಂದೆ ಕಲಿತ ಸಾಲುಗಳನ್ನು ಹಣ ಕೊಟ್ಟು ಬಂದ ಸಾವಿರ ಜನರೆದುರು ಹೇಳಬೇಕು. ಯಾವ ಮಾತಿಗೆ ನಗು ಬರುತ್ತದೆ, ಬಂದ ನಗು ಎಷ್ಟು ಹೊತ್ತು ನಿಲ್ಲುತ್ತದೆ, ಮುಂದಿನ ಮಾತನ್ನು ಎಷ್ಟು ತಡೆದು ಎತ್ತಿಕೊಳ್ಳಬೇಕು ಎಂಬುದು ತಾಲೀಮಿನ ಕೋಣೆಯಲ್ಲಿ ತಿಳಿಯುವುದಿಲ್ಲ. ತಿಳಿಯಲು ಅಪರಿಚಿತರೇ ಬೇಕು. ಮೊದಲ ರಾತ್ರಿ ಹತ್ತಿರ ಬಂದಾಗ ತಿದ್ದುವುದನ್ನು ನಿಲ್ಲಿಸುತ್ತಾರೆ. ವಿಮರ್ಶಕರು ಬರುವುದು ಆ ಕೊನೆಯ ಕೆಲವು ಆಟಗಳಿಗೆ. ಅವರ ಬರಹ ಹೊರಬೀಳುವುದು ಮೊದಲ ರಾತ್ರಿ ಮುಗಿದ ಮೇಲೆ.

ಹಿಂದೆ ಈ ಪರೀಕ್ಷೆ ನ್ಯೂಯಾರ್ಕಿನ ಹೊರಗೆ, ನ್ಯೂ ಹೇವನ್, ಬಾಸ್ಟನ್, ಫಿಲಡೆಲ್ಫಿಯ, ವಾಷಿಂಗ್ಟನ್ ನಗರಗಳಲ್ಲಿ ನಡೆಯುತ್ತಿತ್ತು. 1943ರಲ್ಲಿ 'ಅವೇ ವಿ ಗೋ' ಎಂಬ ಸಂಗೀತ ನಾಟಕ ನ್ಯೂ ಹೇವನ್ನಿನಲ್ಲಿ ಪರೀಕ್ಷೆಗೆ ನಿಂತು, ಬಾಸ್ಟನ್ನಿಗೆ ಹೋಗಿ, ಹೆಸರನ್ನೇ ಬದಲಿಸಿಕೊಂಡು ಮಾರ್ಚ್ 31ರಂದು 'ಒಕ್ಲಹೋಮ' ಆಗಿ ಬ್ರಾಡ್‌ವೇಗೆ ಬಂತು. 1962ರಲ್ಲಿ ಸ್ಟೀಫನ್ ಸಾಂಡ್‌ಹೈಮ್ ಸಂಗೀತದ ರೋಮನ್ ಪ್ರಹಸನವೊಂದು ವಾಷಿಂಗ್ಟನ್ನಿನಲ್ಲಿ ನೆಲಕಚ್ಚುವಂತಿತ್ತು. ನೋಡಲು ಕರೆಸಿದ ನೃತ್ಯ ಸಂಯೋಜಕ ಜೆರೋಮ್ ರಾಬಿನ್ಸ್ ತಪ್ಪು ಹುಡುಕಿದ್ದು ಕಥೆಯಲ್ಲಿ ಅಲ್ಲ, ಆರಂಭದ ಹಾಡಿನಲ್ಲಿ: ಆ ಹಾಡು ಸಭೆಯನ್ನು ನವಿರಾದ ಪ್ರೇಮಕಥೆಗೆ ಸಿದ್ಧಮಾಡುತ್ತಿತ್ತು, ಬಂದದ್ದು ಪುಂಡಾಟದ ಹಾಸ್ಯ. ಇಂದು ರಾತ್ರಿ ನಗುವುದೇ ಕೆಲಸ ಎಂದು ಮೊದಲೇ ಸಾರುವ ಹೊಸ ಹಾಡು ಬಂದ ಮೇಲೆ ಅದೇ ನಾಟಕ ಗೆದ್ದಿತು. ಪ್ರಿವ್ಯೂ ಏತಕ್ಕೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಅತಿರೇಕಕ್ಕೂ ಉದಾಹರಣೆ ಉಂಟು. 'ಸ್ಪೈಡರ್‌ಮ್ಯಾನ್: ಟರ್ನ್ ಆಫ್ ದ ಡಾರ್ಕ್' 2010ರ ನವೆಂಬರ್‌ನಿಂದ 2011ರ ಜೂನ್‌ವರೆಗೆ 182 ಪ್ರಿವ್ಯೂ ನಡೆಸಿತು. ಕಾದು ಕಾದು ಸಾಕಾದ ವಿಮರ್ಶಕರು ಫೆಬ್ರವರಿಯಲ್ಲೇ ಬರೆದುಬಿಟ್ಟರು. ನಡುವೆ ನಿರ್ದೇಶಕಿಯೂ ಬದಲಾದರು. ಹಗ್ಗದಲ್ಲಿ ಹಾರುವ ನಟರಿಗೆ ಪೆಟ್ಟಾದ ಸುದ್ದಿ ಕೇಳಿಯೇ ಟಿಕೆಟ್ ಕೊಂಡವರಿದ್ದರು ಎಂಬುದು ಪ್ರಿವ್ಯೂ ಪ್ರೇಕ್ಷಕರ ಬಗ್ಗೆ ಅಷ್ಟೇನೂ ಗೌರವದ ಮಾತಲ್ಲ.

ಕನ್ನಡದ ವೃತ್ತಿ ಕಂಪನಿಗಳಿಗೆ ಹೀಗೆ ಪ್ರತ್ಯೇಕ ಅವಧಿ ಬೇಕಾಗಿರಲಿಲ್ಲ, ಅವರ ಮೊಕ್ಕಾಂ ಜೀವನವೇ ಆ ಕೆಲಸ ಮಾಡುತ್ತಿತ್ತು. ಒಂದೊಂದು ಊರಿನಲ್ಲಿ ತಿಂಗಳುಗಟ್ಟಲೆ ತಂಗುವ ಕಂಪನಿಗೆ ಗಲ್ಲಾಪೆಟ್ಟಿಗೆಯೇ ವಿಮರ್ಶಕ. ಹಾಡು ಹಿಡಿಸಿದರೆ ಸಭೆ 'ಒನ್ಸ್ ಮೋರ್' ಎಂದು ಕೂಗಿ ಅಲ್ಲೇ ಮತ್ತೆ ಹಾಡಿಸುತ್ತಿತ್ತು, ಸತ್ತು ಬಿದ್ದ ಪಾತ್ರವಾದರೂ ಎದ್ದು ಹಾಡಿ ಮತ್ತೆ ಸಾಯಬೇಕಿತ್ತು. ಹಿಡಿಸದ ಹಾಸ್ಯ ಮುಂದಿನ ಊರಿಗೆ ಹೋಗುವಷ್ಟರಲ್ಲಿ ಮೊಟಕಾಗುತ್ತಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದದ್ದು ಇದೇ ಪಾಠಶಾಲೆಯಲ್ಲಿ.

ತಾಳವಾಡಿ ಸೀಮೆಗೂ ಆ ಕಂಪನಿಗೂ ಇರುವ ನಂಟು ಎಲ್ಲರಿಗೂ ಗೊತ್ತಿದ್ದದ್ದೇ. ರೌದ್ರ ಪಾತ್ರಗಳಿಗೆ ಹೆಸರಾದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟ. ಅವರ ಮಗ ಮುತ್ತುರಾಜ ಹುಟ್ಟಿದ್ದು 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ. ಅಪ್ಪನ ಊರು ಸಿಂಗಾನಲ್ಲೂರು ಕೊಳ್ಳೇಗಾಲ ತಾಲ್ಲೂಕಿನದು. ಆಗ ಕೊಳ್ಳೇಗಾಲವೂ ಗಾಜನೂರೂ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಗೇ ಸೇರಿದ್ದವು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ಗಾಜನೂರು ಆಚೆಗೇ ಉಳಿಯಿತು. ಅಪ್ಪನ ಜೊತೆ ಕಂಪನಿ ಸೇರಿದ ಹುಡುಗ ಬಾಲಪಾತ್ರದಿಂದ ಮೇಲೆ ಬಂದ, ಮುಂದೆ ಸುಬ್ಬಯ್ಯ ನಾಯ್ಡು ಅವರ ಮಂಡಳಿಯಲ್ಲೂ ದುಡಿದ. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶನದ 'ಬೇಡರ ಕಣ್ಣಪ್ಪ' ತೆರೆಗೆ ಬಂದಾಗ ಆತ ರಾಜ್‌ಕುಮಾರ್ ಆಗಿದ್ದ. ಅದು ಗುಬ್ಬಿ ಕಂಪನಿ ರಂಗದ ಮೇಲೆ ಆಡಿ ಪಳಗಿಸಿದ್ದ ಕಥೆ, ನಾಯಕನೂ ರಂಗದ ಮೇಲೆ ಪಳಗಿದವನೇ. ಕ್ಯಾಮೆರಾ ಎದುರು ನಾಯಕನಾಗಿ ನಿಲ್ಲುವ ಮೊದಲು ಅಷ್ಟು ದೀರ್ಘ ಪ್ರಿವ್ಯೂ ಪಡೆದ ನಟರು ವಿರಳ. ನಾಯಕನಾದ ಆ ಮೊದಲ ಚಿತ್ರದಲ್ಲಿ ಹೊಸಬನ ತಡವರಿಕೆ ಕಾಣದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇಂದಿನ ನಗರದ ರಂಗಭೂಮಿ ಈ ವಿಷಯದಲ್ಲಿ ಬಡವಾಗಿದೆ. ಬೆಂಗಳೂರಿನ ಹವ್ಯಾಸಿ ತಂಡ ಒಂದು ದಿನದ ಮಟ್ಟಿಗೆ ರಂಗಮಂದಿರ ಹಿಡಿಯುತ್ತದೆ, ಬೆಳಿಗ್ಗೆ ಸೆಟ್ ನಿಲ್ಲಿಸಿ, ಮಧ್ಯಾಹ್ನ ಬೆಳಕು ಹೊಂದಿಸಿ, ಸಂಜೆ ಪ್ರಥಮ ಪ್ರಯೋಗ ಮಾಡುತ್ತದೆ. ಪ್ರೇಕ್ಷಕರು ನೋಡುವುದು ಹೆಸರಿಗೆ ಪ್ರಥಮ ಪ್ರಯೋಗ, ನಿಜದಲ್ಲಿ ಮೊದಲ ಪ್ರಿವ್ಯೂ. ನಾಟಕ ಹದಕ್ಕೆ ಬರಲು ಹತ್ತು ಆಟವಾದರೂ ಬೇಕು, ಅನೇಕ ನಾಟಕಗಳಿಗೆ ಹತ್ತು ಆಟದ ಆಯುಸ್ಸೇ ಇರುವುದಿಲ್ಲ. ಹೆಗ್ಗೋಡಿನ ನೀನಾಸಂ 1985ರಲ್ಲಿ ಆರಂಭಿಸಿದ ತಿರುಗಾಟ ಇದಕ್ಕೆ ಹೊರತು: ಊರೂರು ಸುತ್ತುವ ಅದರ ನಾಟಕವನ್ನು ಆರಂಭದಲ್ಲೊಮ್ಮೆ, ತಿರುಗಾಟದ ಕೊನೆಗೊಮ್ಮೆ ನೋಡಿದವರಿಗೆ ಎರಡು ಬೇರೆ ನಾಟಕ ಕಂಡಂತಾಗುತ್ತದೆ.

ಹಳ್ಳಿಯ ಪೌರಾಣಿಕ ನಾಟಕಕ್ಕೆ ಬಂದರೆ ಲೆಕ್ಕ ಪೂರ್ತಿ ತಲೆಕೆಳಗು. ಇಲ್ಲಿ ನಾಟಕ ಹೊಸದಲ್ಲ. 'ಕುರುಕ್ಷೇತ್ರ', 'ದಕ್ಷಯಜ್ಞ', 'ರಾಜಾ ಸತ್ಯವ್ರತ' ಇಂಥವೇ ಮತ್ತೆ ಮತ್ತೆ ಆಡುವ ನಾಟಕಗಳು. ಕಥೆ, ಕಂದ, ಹಾಡಿನ ಮಟ್ಟು ಸಭೆಗೆ ಬಾಯಿಪಾಠ. ಹೊಸದೆಂದರೆ ಪಾತ್ರಧಾರಿ. ಅವನು ರೈತ, ಮೇಸ್ತ್ರಿ, ಬಸ್ ಕಂಡಕ್ಟರ್, ಅಂಗಡಿಯವ; ಸಂಬಳ ಪಡೆಯುವುದಿಲ್ಲ, ತಾನೇ ಹಣ ಕಟ್ಟಿ ಪಾತ್ರ ಹಿಡಿಯುತ್ತಾನೆ. ದುರ್ಯೋಧನ, ಕೃಷ್ಣರ ಪಾತ್ರಕ್ಕೆ ಹೆಚ್ಚು ಹಣ, ದ್ವಾರಪಾಲಕನಿಗೆ ಕಡಿಮೆ. ಆಸೆಪಟ್ಟವರು ಹೆಚ್ಚಾದರೆ ಒಂದೇ ಪಾತ್ರವನ್ನು ಪಾಲು ಮಾಡುತ್ತಾರೆ: ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ. ಸಂಧಾನಕ್ಕೆ ಹೊರಟ ಕೃಷ್ಣ ತೆಳ್ಳಗಿದ್ದು ಹಸ್ತಿನಾವತಿ ಮುಟ್ಟುವಷ್ಟರಲ್ಲಿ ದಪ್ಪಗಾಗುವುದು ಸಭೆಗೆ ಅಭ್ಯಾಸವಾಗಿದೆ, ಯಾರೂ ನಗುವುದಿಲ್ಲ.

ಪ್ರಾಕ್ಟೀಸ್ ಮೂರು ನಾಲ್ಕು ತಿಂಗಳು, ರಾತ್ರಿ ಊಟದ ನಂತರ, ದೇವಸ್ಥಾನದ ಜಗಲಿಯಲ್ಲೋ ಶಾಲೆಯ ಅಂಗಳದಲ್ಲೋ ನಡೆಯುತ್ತದೆ. ನಾಟಕದ ಮೇಷ್ಟ್ರೇ ಹಾರ್ಮೋನಿಯಂ ನುಡಿಸುವವರು, ಮಾತು ತಿದ್ದುವವರು, ಜಗಳ ಬಿಡಿಸುವವರೂ ಹೌದು. ಯಾರ ಕಂಠಕ್ಕೆ ಯಾವ ಶ್ರುತಿಮನೆ ಎಂದು ಅವರು ಮೊದಲ ವಾರದಲ್ಲೇ ಗೊತ್ತುಮಾಡುತ್ತಾರೆ. ಸ್ವರ ಮೇಲೇರದವನಿಗೆ ಹಾಡು ಕಡಿಮೆ ಮಾಡಿ ಮಾತು ಹೆಚ್ಚಿಸುತ್ತಾರೆ, ಮಾತು ತಡವರಿಸುವವನಿಗೆ ಹಾಡು ಹೆಚ್ಚಿಸುತ್ತಾರೆ. ನಾಟಕದ ಪಠ್ಯಕ್ಕೆ ಆಗುವ ತಿದ್ದುಪಡಿ ಇಷ್ಟೇ, ಅದೂ ನಟನ ಅಳತೆಗೆ. ಸಾಂಡ್‌ಹೈಮ್ ಹಾಡು ಬದಲಿಸಿದ್ದು ಸಭೆಗಾಗಿ. ಮೇಷ್ಟ್ರು ಬದಲಿಸುವುದು ಗಂಟಲಿಗಾಗಿ.

ಟ್ರಯಲ್ ಬರುವುದು ಇಷ್ಟೆಲ್ಲ ಆದ ಮೇಲೆ, ನಾಟಕದ ದಿನಕ್ಕೆ ಸ್ವಲ್ಪ ಮುಂಚೆ. ಅಂದು ನಾಟಕ ಮೊದಲಿಂದ ಕೊನೆವರೆಗೆ ನಿಲ್ಲದೆ ನಡೆಯಬೇಕೆಂಬ ನಿಯಮ. ನಿಲ್ಲದೆ ನಡೆಯುವುದು ಅಪರೂಪ. ಬಣ್ಣವಿಲ್ಲ, ಕಿರೀಟವಿಲ್ಲ, ಬಾಡಿಗೆ ಸೀನರಿ ಇನ್ನೂ ಬಂದಿಲ್ಲ. ಪಂಚೆ ಮೇಲೆ ಟವೆಲ್ ಬಿಗಿದ ಭೀಮ ಕೋಲು ಹಿಡಿದು ಗದೆ ಎನ್ನುತ್ತಾನೆ. ಸ್ತ್ರೀ ಪಾತ್ರಕ್ಕೆ ಬರುವ ವೃತ್ತಿ ಕಲಾವಿದೆಯರು ತಿಂಗಳುಗಟ್ಟಲೆಯ ಪ್ರಾಕ್ಟೀಸಿಗೆ ಬರುವವರಲ್ಲ. ಕೊನೆಗೆ ಬಂದರೆ ಬಂದರು, ಇಲ್ಲವಾದರೆ ನಾಟಕದ ಸಂಜೆಯೇ ನೇರ ಬಣ್ಣದ ಕೋಣೆಗೆ. ದ್ರೌಪದಿಯನ್ನು ನೂರಾರು ಸಲ ಆಡಿದ ಅವರಿಗೆ ಎದುರಿನ ಭೀಮ ಯಾರಾದರೂ ಒಂದೇ. ಆದರೆ ಆ ಭೀಮನಿಗೆ ಮೊದಲ ಸಲ ಎದುರಿನಿಂದ ಪಕ್ಕಾ ಶ್ರುತಿಯಲ್ಲಿ ಹಾಡು ಬಂದು ಬಡಿಯುತ್ತದೆ. ಟ್ರಯಲ್‌ಗೆ ಕಲಾವಿದೆ ಬಂದಿದ್ದರೆ ಆ ಹತ್ತು ನಿಮಿಷವೇ ಇಡೀ ರಾತ್ರಿಯ ತಿರುಳು. ಕೆಲವರ ದನಿ ಅಲ್ಲಿ ಒಂದು ಮನೆ ಮೇಲೇರುತ್ತದೆ. ಕೆಲವರು ಸಾಲನ್ನೇ ಮರೆತು ಮೇಷ್ಟ್ರ ಮುಖ ನೋಡುತ್ತಾರೆ.

ಸಭೆಯೂ ಸುಮ್ಮನೆ ಕೂತದ್ದಲ್ಲ. ಹಿಂದಿನ ಸಲ ದುರ್ಯೋಧನ ಮಾಡಿದವನು ಮುಂದೆಯೇ ಕುಳಿತಿರುತ್ತಾನೆ. ಅವನು ಎಲೆ ಅಡಿಕೆ ಉಗುಳಲು ಎದ್ದುಹೋದರೆ ಈ ಸಲದ ದುರ್ಯೋಧನನಿಗೆ ಅದೇ ವಿಮರ್ಶೆ. ಪಾತ್ರಧಾರಿಯ ಅಣ್ಣತಮ್ಮಂದಿರು, ಸಾಲ ಕೊಟ್ಟವರು, ಪಾತ್ರ ಸಿಗದೆ ಮುನಿದವರು ಎಲ್ಲರೂ ಇರುತ್ತಾರೆ. ಪ್ರಿವ್ಯೂ ಸಭೆ ನಾಟಕಕ್ಕೆ ಅಪರಿಚಿತ, ಅದಕ್ಕೇ ಅದರ ಬೆಲೆ. ಟ್ರಯಲ್ ಸಭೆಗೆ ನಾಟಕವೂ ಗೊತ್ತು, ನಟನೂ ಗೊತ್ತು, ನಟನ ಮನೆಯೂ ಗೊತ್ತು. ಇಷ್ಟು ಕಠಿಣ ಪ್ರೇಕ್ಷಕರು ಬ್ರಾಡ್‌ವೇಗೆ ಸಿಕ್ಕಿದ್ದರೆ ಅಲ್ಲಿನ ನಟರ ಸಂಘ ಮುಷ್ಕರ ಹೂಡುತ್ತಿತ್ತು.

ಟ್ರಯಲ್ ನೋಡುವ ರಸಿಕ ಕೂರಬೇಕಾದ ಜಾಗ ರಂಗದೆದುರಿನ ನಟ್ಟನಡುವೆ ಅಲ್ಲ, ಹಾರ್ಮೋನಿಯಂ ಪಕ್ಕ. ಅಲ್ಲಿಂದ ಮೇಷ್ಟ್ರು ಸಾಲು ಕೊಡುವುದು ಕೇಳಿಸುತ್ತದೆ, ಯಾರಿಗೆ ಎಷ್ಟು ಸಾಲು ಬೇಕಾಯಿತು ಎಂಬುದು ತಿಳಿಯುತ್ತದೆ. ಗಮನಿಸಬೇಕಾದದ್ದು ಮೊದಲಾಗಿ ಪ್ರವೇಶ: ಪರದೆ ಇಲ್ಲದಿದ್ದರೂ ನಡೆದು ಬಂದವನು ರಾಜನೆನಿಸಬೇಕು. ಆಮೇಲೆ ಉಸಿರು: ಕಂದದ ಕೊನೆಯ ಪಾದಕ್ಕೆ ಉಸಿರು ಉಳಿಸಿಕೊಂಡವನು ಮಾತ್ರ ಬೆಳಗಿನ ಜಾವದ ಯುದ್ಧದವರೆಗೆ ಬಾಳುತ್ತಾನೆ. ಮೂರನೆಯದಾಗಿ ಒಬ್ಬ ಕೃಷ್ಣ ಇನ್ನೊಬ್ಬ ಕೃಷ್ಣನಿಗೆ ಪಾತ್ರ ಒಪ್ಪಿಸುವ ಗಳಿಗೆ. ಇಬ್ಬರ ನಗು ಒಂದೇ ಬಗೆಯದಾಗಿದ್ದರೆ ಮೇಷ್ಟ್ರ ಕೆಲಸ ಗಟ್ಟಿ. ಮರೆತ ಸಾಲು, ತಡವಾದ ಪ್ರವೇಶ, ನಡುವೆ ಎದ್ದ ಜಗಳ ಇವನ್ನು ಲೆಕ್ಕಕ್ಕೆ ಹಿಡಿಯಬಾರದು, ಅವು ಸರಿಹೋಗಲೆಂದೇ ಟ್ರಯಲ್. ಪ್ರಿವ್ಯೂಗೂ ಇದೇ ಮರ್ಯಾದೆ. ಅಲ್ಲಿ ಸೆಟ್ ಸಿಕ್ಕಿಹಾಕಿಕೊಂಡು ಆಟ ನಿಂತರೆ ತಪ್ಪೆಣಿಸದೆ ನಾಟಕದ ಕಟ್ಟಡ ನೋಡಬೇಕು: ಎಲ್ಲಿ ಉದ್ದವಾಯಿತು, ಯಾವ ಪಾತ್ರ ಬೇಡವಾಗಿತ್ತು, ಎರಡನೇ ಅಂಕಕ್ಕೆ ಬರಲು ಮೊದಲನೆಯದು ಕಾರಣ ಕೊಟ್ಟಿತೇ.

ಫೋನ್ ಎತ್ತಿ ಹಿಡಿಯುವುದು ಬ್ರಾಡ್‌ವೇಯಲ್ಲಿ ನಿಷಿದ್ಧ. ಹಳ್ಳಿ ನಾಟಕಗಳು ಈಗ ಇಡಿಯಾಗಿ ಯೂಟ್ಯೂಬಿಗೆ ಹೋಗುತ್ತವೆ. ನಾಟಕದ ರಾತ್ರಿಗೆ ಅದು ಸರಿ, ಟ್ರಯಲ್‌ಗೆ ಸರಿಯಲ್ಲ. ಎಡವುವ ಸ್ವಾತಂತ್ರ್ಯ ಇರುವ ಒಂದು ರಾತ್ರಿಯನ್ನಾದರೂ ಪಾತ್ರಧಾರಿಗೆ ಬಿಟ್ಟುಕೊಡಬೇಕು.

ನಾಟಕದ ರಾತ್ರಿಯ ಸೊಗಸು ಬೇರೆ. ಝಗಮಗಿಸುವ ಸೀನರಿ, ಜರಿಯ ಪೋಷಾಕು, ಪಾತ್ರಧಾರಿಗೆ ಬಂಧುಗಳು ಹಾಕುವ ಹಾರ, ನೋಟಿನ ಮಾಲೆ, ಸನ್ಮಾನಕ್ಕೆಂದು ನಡುನಡುವೆ ನಿಲ್ಲುವ ಕಥೆ. ಉತ್ಸವವಾಗಿ ಅದು ದೊಡ್ಡದು, ನಾಟಕವಾಗಿ ಟ್ರಯಲ್ ಒಂದು ಕೈ ಮೇಲು. ಹಾಡು ಕೇಳಬೇಕೆನ್ನುವವರು ಟ್ರಯಲ್‌ಗೆ ಹೋಗುವುದೇ ಲೇಸು. ಅಂದು ಧ್ವನಿವರ್ಧಕದ ಅರಚಾಟವೂ ಇರುವುದಿಲ್ಲ.

ಕಾಲ ಸುಗ್ಗಿ ಮುಗಿದ ಮೇಲಿನದು, ಸಂಕ್ರಾಂತಿಯಿಂದ ಮುಂಗಾರು ಹತ್ತುವವರೆಗೆ, ಊರ ಜಾತ್ರೆ ಹಬ್ಬಗಳ ಆಸುಪಾಸು. ನಾಟಕದ ತಾರೀಕು ಪೋಸ್ಟರಿನಲ್ಲಿರುತ್ತದೆ, ಟ್ರಯಲ್‌ನದು ಇರುವುದಿಲ್ಲ. ಊರ ಹೋಟೆಲಿನಲ್ಲಿ ಚಹಾ ಕುಡಿಯುತ್ತ ವಿಚಾರಿಸಬೇಕು. ಚಾಮರಾಜನಗರದ ಕಡೆಯಿಂದ ತಾಳವಾಡಿ ಹತ್ತಿರದ ದಾರಿ. ಸತ್ಯಮಂಗಲದಿಂದ ಬರುವವರು ಬಣ್ಣಾರಿ ದಾಟಿ ದಿಂಬಂ ಘಾಟಿಯ 27 ತಿರುವು ಹತ್ತಬೇಕು. ಹುಲಿ ರಕ್ಷಿತಾರಣ್ಯದ ಆ ರಸ್ತೆಯಲ್ಲಿ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ಕಟ್ಟುನಿಟ್ಟಿನ ನಿರ್ಬಂಧ ಇರುವುದರಿಂದ ಅವರು ಹಗಲಿನಲ್ಲೇ ಮೇಲೆ ಬಂದು, ಬೆಳಗಾದ ಮೇಲೆ ಇಳಿಯುವ ಲೆಕ್ಕ ಹಾಕಿಕೊಳ್ಳಬೇಕು. ಚಳಿ ಇರುವ ತಿಂಗಳಾದರೆ ಚಾಪೆಯ ಜೊತೆ ಒಂದು ಕಂಬಳಿಯೂ ಇರಲಿ.