ಬೆನ್ನಿಗೂ ಗಾಜು, ಒಳಗೆಲ್ಲ ಅಂಟು

2014ರ ಏಪ್ರಿಲ್‌ನಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5 ಮಾರುಕಟ್ಟೆಗೆ ಬಂತು. ಪ್ಲಾಸ್ಟಿಕ್ ಬೆನ್ನು, ಅದರ ತುಂಬ ಸಣ್ಣ ಸಣ್ಣ ಗುಳಿಗಳು. ಉಗುರು ತೂರಿಸಿ ಎಬ್ಬಿಸಿದರೆ ಮುಚ್ಚಳ ಕಳಚಿ ಬರುತ್ತಿತ್ತು. ಒಳಗಿನ 2,800 ಎಂಎಎಚ್ ಬ್ಯಾಟರಿಯನ್ನು ಬೆರಳಲ್ಲೇ ತೆಗೆದು ಇನ್ನೊಂದನ್ನು ಕೂರಿಸಬಹುದಿತ್ತು. ಅದೇ ಫೋನಿಗೆ ಐಪಿ67 ದರ್ಜೆಯೂ ಇತ್ತು. ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ತಡೆದುಕೊಳ್ಳುವ ಭದ್ರತೆ. ಇದಕ್ಕೆಲ್ಲ ಬೇಕಾಗಿದ್ದದ್ದು ಮುಚ್ಚಳದ ಒಳಬದಿಗೆ ಸುತ್ತುವರಿದ ಒಂದು ತೆಳು ರಬ್ಬರ್ ಪಟ್ಟಿ, ಚಾರ್ಜಿಂಗ್ ಜಾಗಕ್ಕೊಂದು ಪುಟ್ಟ ಬಾಗಿಲು.

ಮರುವರ್ಷ ಎಸ್6 ಬಂತು. ಹಿಂದೆ ಮುಂದೆ ಗಾಜು, ನಡುವೆ ಲೋಹದ ಚೌಕಟ್ಟು. ಕೈಗೆತ್ತಿಕೊಂಡವರು ಮೆಚ್ಚುವಂಥ ಸೊಗಸು. ಆದರೆ ಬ್ಯಾಟರಿ ಒಳಗೇ ಅಂಟಿಕೊಂಡಿತ್ತು, ಮೆಮೊರಿ ಕಾರ್ಡಿನ ಜಾಗ ಹೋಗಿತ್ತು, ನೀರು ತಡೆಯುವ ದರ್ಜೆಯೂ ಹೋಗಿತ್ತು. ಅದು ಮರಳಿದ್ದು 2016ರ ಎಸ್7ರಲ್ಲಿ. ನೀರು ಒಳಗೆ ಹೋಗಬಾರದೆಂದೇ ಬ್ಯಾಟರಿಯನ್ನು ಮುಚ್ಚುತ್ತೇವೆ ಎಂಬ ಮಾತು ಕೇಳಿಬಂದಾಗಲೆಲ್ಲ ಎಸ್5 ಮತ್ತು ಎಸ್6 ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಬಿಚ್ಚಲು ಬರುತ್ತಿದ್ದದ್ದು ನೀರು ತಡೆಯಿತು. ಬಿಚ್ಚಲು ಬಾರದ್ದಕ್ಕೆ ಆ ಭರವಸೆ ಇರಲಿಲ್ಲ.

ಎಸ್5ರಲ್ಲಿ ದೋಷವೇ ಇರಲಿಲ್ಲ ಎಂದಲ್ಲ. ಪ್ರತಿ ಸಲ ಚಾರ್ಜಿಗೆ ಹಾಕುವಾಗ ಆ ಪುಟ್ಟ ಬಾಗಿಲನ್ನು ಬಿಡಿಸಬೇಕಿತ್ತು. ಮುಚ್ಚಳವನ್ನು ಸುತ್ತಲೂ ಒತ್ತಿ ಕೂರಿಸದಿದ್ದರೆ ನೀರಿಗೆ ದಾರಿ ಸಿಗುತ್ತಿತ್ತು. ಕೈಯಲ್ಲಿ ತೆಗೆಯುವ ಬ್ಯಾಟರಿಗೆ ಗಟ್ಟಿ ಕವಚ ಬೇಕು, ಆ ಕವಚಕ್ಕೂ ಒಂದಿಷ್ಟು ಜಾಗ ಬೇಕು. ಇವೆಲ್ಲ ತಿದ್ದಿಕೊಳ್ಳಬಹುದಾದ ಕೊರತೆಗಳು. ಅದೇ ಕಂಪನಿ 2022ರಲ್ಲಿ ಹೊರಗಡೆ, ಒರಟು ಕೆಲಸದ ನಡುವೆ ಫೋನ್ ಬಳಸುವವರಿಗಾಗಿ ತಂದ ಎಕ್ಸ್‌ಕವರ್6 ಪ್ರೊದಲ್ಲಿ ಕೈಯಿಂದ ತೆಗೆಯುವ ಬ್ಯಾಟರಿಯೂ ಇದೆ, ನೀರು ತಡೆಯುವ ಐಪಿ68 ದರ್ಜೆಯೂ ಇದೆ. ಅಂದಮೇಲೆ ಅಂಟು ಹಾಕಿ ಮುಚ್ಚುವುದು ತಂತ್ರಜ್ಞಾನದ ಅನಿವಾರ್ಯವಲ್ಲ, ಕಂಪನಿಗಳ ಆಯ್ಕೆ. ಹಾಗಾಗಿ ಒಂದು ಫೋನಿನ ವಿನ್ಯಾಸ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗುವಾಗ ಮೊದಲು ನೋಡಬೇಕಾದ್ದು ಅದರ ಹೊಳಪನ್ನಲ್ಲ. ಕೆಟ್ಟಾಗ ಬಿಚ್ಚಲು ಬರುತ್ತದೆಯೇ, ಬಿಚ್ಚಿದ್ದನ್ನು ಮತ್ತೆ ಮೊದಲಿನಂತೆ ಮುಚ್ಚಲು ಬರುತ್ತದೆಯೇ ಎಂಬುದನ್ನು.

ಬೆನ್ನಿಗೆ ಗಾಜು ಹಾಕುವ ರೂಢಿಯನ್ನೇ ತೆಗೆದುಕೊಳ್ಳಿ. 2010ರ ಐಫೋನ್ 4ಕ್ಕೂ ಹಿಂದೆ ಗಾಜಿತ್ತು. ಕೆಳತುದಿಯ ಎರಡು ಸ್ಕ್ರೂ ಬಿಚ್ಚಿ ತುಸು ಮೇಲಕ್ಕೆ ಸರಿಸಿದರೆ ಆ ಫಲಕ ಕೈಗೆ ಬರುತ್ತಿತ್ತು. ಒಡೆದರೆ ಬದಲಿಸುವುದು ಕೆಲವೇ ನಿಮಿಷದ ಕೆಲಸ. ನಡುವೆ ಕೆಲವು ವರ್ಷ ಅಲ್ಯೂಮಿನಿಯಂ ಬಂತು. 2017ರ ಐಫೋನ್ 8ರಲ್ಲಿ ಗಾಜು ಮರಳಿತು, ಈ ಸಲ ಚೌಕಟ್ಟಿಗೆ ಬಲವಾಗಿ ಅಂಟಿಕೊಂಡು. ಒಡೆದ ಬೆನ್ನನ್ನು ತೆಗೆಯಲು ರಿಪೇರಿ ಅಂಗಡಿಗಳು ಲೇಸರ್ ಯಂತ್ರ ಇಟ್ಟುಕೊಳ್ಳಬೇಕಾಯಿತು: ಗಾಜಿನ ಕೆಳಗಿನ ಅಂಟನ್ನು ಲೇಸರ್‌ನಿಂದ ಸುಟ್ಟು, ಚೂರು ಚೂರಾಗಿ ಕೆರೆದು ತೆಗೆಯುವುದು. ಇದು ಸರಿಹೋಗಲು ಐದು ವರ್ಷ ಹಿಡಿಯಿತು. 2022ರ ಐಫೋನ್ 14ರಲ್ಲಿ ಒಳಗಿನ ಚೌಕಟ್ಟನ್ನೇ ಹೊಸದಾಗಿ ರೂಪಿಸಿ, ಬೆನ್ನಿನ ಗಾಜು ಬೇರೆಯಾಗಿ ಬಿಚ್ಚಿಬರುವಂತೆ ಮಾಡಲಾಯಿತು. ಹೊರನೋಟಕ್ಕೆ ಹಿಂದಿನ ವರ್ಷದ ಫೋನಿನಂತೆಯೇ ಇದ್ದದ್ದರಿಂದ ‘ಇದರಲ್ಲಿ ಹೊಸದೇನಿದೆ’ ಎಂದು ಅನೇಕರು ಮೂಗು ಮುರಿದರು. ಆ ವರ್ಷ ಆಪಲ್ ಮಾಡಿದ ಅತ್ಯುತ್ತಮ ವಿನ್ಯಾಸದ ಕೆಲಸ ನಿಜಕ್ಕೂ ಅದೇ ಆಗಿತ್ತು.

ಆದರೆ ಬಿಚ್ಚಲು ಬಂದರಷ್ಟೇ ಸಾಲದು. ರಿಪೇರಿಯ ಸುಲಭಕ್ಕೆ ಅಂಕ ಕೊಡುವ ಅಮೆರಿಕದ ಐಫಿಕ್ಸಿಟ್ ಸಂಸ್ಥೆ ಐಫೋನ್ 14ಕ್ಕೆ ಮೊದಲು ಹತ್ತಕ್ಕೆ 7 ಕೊಟ್ಟಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಅದನ್ನು 4ಕ್ಕೆ ಇಳಿಸಿತು. ಬಿಡಿಭಾಗಗಳನ್ನು ಸಾಫ್ಟ್‌ವೇರ್ ಮೂಲಕ ಆಯಾ ಫೋನಿಗೇ ಕಟ್ಟಿಹಾಕಿದ್ದು ಇದಕ್ಕೆ ಕಾರಣ. ಅಸಲಿ ಬಿಡಿಭಾಗವನ್ನೇ ತಂದು ಹಾಕಿದರೂ ಕಂಪನಿಯ ಒಪ್ಪಿಗೆ ಸಿಗುವವರೆಗೆ ಫೋನ್ ಅದನ್ನು ಪೂರ್ತಿ ಒಪ್ಪುತ್ತಿರಲಿಲ್ಲ. ಸ್ಕ್ರೂ ಬಿಚ್ಚಿ ಗೆದ್ದದ್ದನ್ನು ಸಾಫ್ಟ್‌ವೇರ್ ಕಿತ್ತುಕೊಂಡಿತು. ಅಮೆರಿಕದ ಒರೆಗಾನ್ ರಾಜ್ಯ 2024ರಲ್ಲಿ ಇಂಥ ಕಟ್ಟುಪಾಡನ್ನು ನಿಷೇಧಿಸುವ ಕಾನೂನು ತಂದಿತು.

ವೈರ್‌ಲೆಸ್ ಚಾರ್ಜಿಂಗ್ ಬೇಕಾದರೆ ಗಾಜಿನ ಬೆನ್ನೇ ಬೇಕು ಎಂಬ ಸಮರ್ಥನೆಯೂ ಇದೆ. ಲೋಹದ ಬೆನ್ನು ಅದಕ್ಕೆ ಅಡ್ಡಿ ಎಂಬುದು ನಿಜ. ಪ್ಲಾಸ್ಟಿಕ್ ಅಡ್ಡಿಯಲ್ಲವಲ್ಲ? 2012ರ ನೋಕಿಯಾ ಲೂಮಿಯಾ 920ಕ್ಕೆ ಪಾಲಿಕಾರ್ಬೊನೇಟ್ ಮೈ ಇತ್ತು, ವೈರ್‌ಲೆಸ್ ಚಾರ್ಜಿಂಗೂ ಇತ್ತು. ಬಣ್ಣ ಮೇಲೆ ಬಳಿದದ್ದಾಗಿರದೆ ಪ್ಲಾಸ್ಟಿಕ್ಕಿನಲ್ಲೇ ಬೆರೆತಿದ್ದರಿಂದ ಗೀರು ಬಿದ್ದರೂ ಎದ್ದು ಕಾಣುತ್ತಿರಲಿಲ್ಲ. ಬಿದ್ದರೆ ಪುಟಿಯುತ್ತಿತ್ತು, ಚೂರಾಗುತ್ತಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಪ್ಲಾಸ್ಟಿಕ್ ಎಂದರೆ ಅಗ್ಗದ್ದು ಎಂಬ ಭಾವನೆ ಗಟ್ಟಿಯಾಯಿತು; ದುಬಾರಿ ಫೋನಿಗೆ ಗಾಜು ಕಡ್ಡಾಯವಾಯಿತು. ಆ ಗಾಜು ಒಡೆಯದಿರಲೆಂದು ಕೊಂಡ ದಿನವೇ ನಾವು ಇನ್ನೂರು ರೂಪಾಯಿಯ ಪ್ಲಾಸ್ಟಿಕ್ ಕವರ್ ತೊಡಿಸುತ್ತೇವೆ. ದುಡ್ಡು ಕೊಟ್ಟು ಕೊಂಡ ಗಾಜನ್ನು ಕಣ್ತುಂಬ ನೋಡುವುದೇ ಅಪರೂಪ.

ಈ ಗಾಜು ಸಾಮಾನ್ಯದ್ದಲ್ಲ ಎಂಬುದನ್ನೂ ಹೇಳಬೇಕು. ಕಾರ್ನಿಂಗ್ ಕಂಪನಿಯ ಗೊರಿಲ್ಲಾ ಗ್ಲಾಸ್ 2007ರ ಮೊದಲ ಐಫೋನಿನೊಂದಿಗೆ ಜನರ ಕೈಗೆ ಬಂತು. ಗಾಜಿನ ಹಾಳೆಯನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಅದ್ದಿಡುತ್ತಾರೆ. ಗಾಜಿನ ಮೇಲ್ಪದರದಲ್ಲಿದ್ದ ಸೋಡಿಯಂ ಅಯಾನುಗಳು ಹೊರಬಿದ್ದು, ಅವುಗಳಿಗಿಂತ ದಪ್ಪನೆಯ ಪೊಟ್ಯಾಸಿಯಂ ಅಯಾನುಗಳು ಆ ಜಾಗಕ್ಕೆ ನುಗ್ಗಿ ಕೂರುತ್ತವೆ. ಇಕ್ಕಟ್ಟಾದ ಮೇಲ್ಪದರ ಸದಾ ಒತ್ತಡದಲ್ಲಿರುವುದರಿಂದ ಬಿರುಕು ಸುಲಭವಾಗಿ ಬಾಯಿ ಬಿಡುವುದಿಲ್ಲ. ಜೇಬಿನ ಬೀಗದ ಕೈಯಿಂದ ಇದಕ್ಕೆ ಗೀರು ಬೀಳುವುದು ಕಡಿಮೆ. ಕಬ್ಬಿಣಕ್ಕಿಂತ ಗಾಜೇ ಗಟ್ಟಿ. ಇದರ ನಿಜವಾದ ಶತ್ರು ಮರಳು. ಮರಳಿನಲ್ಲಿರುವ ಸ್ಫಟಿಕಶಿಲೆಯ ಗಡಸುತನ ಮೋಸ್ ಮಾಪಕದಲ್ಲಿ 7. ಫೋನಿನ ಗಾಜಿಗೆ 6ರ ಸುಮಾರಿಗೇ ಗೀರು ಬೀಳಲು ಶುರುವಾಗುತ್ತದೆ. ದೂಳಿನ ರಸ್ತೆಯಲ್ಲಿ ಓಡಾಡಿದ ಪ್ಯಾಂಟಿನ ಜೇಬಿನಲ್ಲಿ ದಿನವೂ ಬೀಳುವ ಕೂದಲೆಳೆಯಂಥ ಗೀರುಗಳೇ ಮುಂದೊಂದು ದಿನ ಫೋನ್ ಅಂಚಿನ ಮೇಲೆ ಬಿದ್ದಾಗ ಬಿರುಕಿಗೆ ದಾರಿಯಾಗುತ್ತವೆ. ಇಷ್ಟು ಜಾಣ್ಮೆಯ ವಸ್ತುವನ್ನು ಪರದೆಗೆ ಬಳಸುವುದು ಸರಿ. ಬೆನ್ನಿಗೂ ಬಳಸಿ ಒಡೆಯುವ ಜಾಗವನ್ನು ಇಮ್ಮಡಿ ಮಾಡುವುದು ಸರಿಯಲ್ಲ.

ಆದರೂ ಫೋನ್ ಬದಲಿಸಲು ಜನ ಹೊರಡುವುದು ಗಾಜು ಒಡೆದಾಗ ಮಾತ್ರವಲ್ಲ. ‘ಸ್ಲೋ ಆಗಿದೆ, ಹ್ಯಾಂಗ್ ಆಗ್ತಿದೆ, ಚಾರ್ಜ್ ನಿಲ್ತಿಲ್ಲ’ ಎಂಬ ದೂರು ಬಂತೆಂದರೆ ಮುಂದಿನ ಮಾತು ಎಕ್ಸ್‌ಚೇಂಜ್ ಆಫರ್, ಇಎಂಐ. ಈ ದೂರುಗಳ ಹಿಂದೆ ಅನೇಕ ಸಲ ಇರುವುದು ಮುದಿಯಾದ ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿ ಸವೆಯುವ ವಸ್ತು. ಐಫೋನ್ 14ರವರೆಗಿನ ಫೋನುಗಳ ಬ್ಯಾಟರಿ 500 ಪೂರ್ಣ ಚಾರ್ಜುಗಳ ನಂತರ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳುತ್ತದೆ ಎಂಬುದು ಆಪಲ್‌ನದೇ ಲೆಕ್ಕ. ಐಫೋನ್ 15ರಿಂದ ಅದು 1,000ಕ್ಕೆ ಏರಿದೆ. ಟೈರ್ ಸವೆದ ಸ್ಕೂಟರನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಫೋನಿನ ವಿಷಯದಲ್ಲಿ ಮಾತ್ರ ಅದನ್ನೇ ಮಾಡುತ್ತಿದ್ದೇವೆ.

ಮುದಿ ಬ್ಯಾಟರಿ ಫೋನನ್ನು ನಿಧಾನ ಮಾಡುತ್ತದೆ ಎಂಬುದು ಬರಿಯ ಊಹೆಯಲ್ಲ. 2017ರ ಡಿಸೆಂಬರ್‌ನಲ್ಲಿ, ಗೀಕ್‌ಬೆಂಚ್ ಎಂಬ ವೇಗ ಅಳೆಯುವ ಪರೀಕ್ಷೆ ರೂಪಿಸಿದ ಜಾನ್ ಪೂಲ್ ಹಳೆಯ ಐಫೋನುಗಳ ವೇಗದ ಅಂಕಿಗಳನ್ನು ಪ್ರಕಟಿಸಿದರು. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಒಂದೇ ಮಾದರಿಯ ಫೋನುಗಳಲ್ಲಿ ಕೆಲವು ಮಾತ್ರ ನಿಧಾನವಾಗಿದ್ದವು. ಬ್ಯಾಟರಿ ಹಳತಾದ ಫೋನು ತಟ್ಟನೆ ಆಫ್ ಆಗದಿರಲೆಂದು ತಾನೇ ವೇಗ ತಗ್ಗಿಸುತ್ತಿದ್ದೇನೆಂದು ಆಪಲ್ ಕೆಲವೇ ದಿನಗಳಲ್ಲಿ ಒಪ್ಪಿ, ಕ್ಷಮೆ ಕೇಳಿ, ಬ್ಯಾಟರಿ ಬದಲಿಸುವ ದರವನ್ನು 79 ಡಾಲರ್‌ನಿಂದ 29 ಡಾಲರ್‌ಗೆ ಇಳಿಸಿತು. ವೇಗ ತಗ್ಗಿಸುವ ಉಪಾಯದಲ್ಲಿ ಎಂಜಿನಿಯರಿಂಗ್ ತರ್ಕವಿತ್ತು. ಹೇಳದೆ ಮಾಡಿದ್ದು ತಪ್ಪು. ಫ್ರಾನ್ಸ್ 2020ರಲ್ಲಿ ಹಾಕಿದ 2.5 ಕೋಟಿ ಯೂರೊ ದಂಡವೂ ಗ್ರಾಹಕರಿಗೆ ಮಾಹಿತಿ ಕೊಡದಿದ್ದಕ್ಕೇ. ಇನ್ನೂ ಗಮನಿಸಬೇಕಾದ್ದು 2019ರ ಜನವರಿಯಲ್ಲಿ ಆಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಹೂಡಿಕೆದಾರರಿಗೆ ಬರೆದ ಪತ್ರ. ಹೊಸ ಐಫೋನ್‌ಗೆ ಬದಲಾದವರು ಕಡಿಮೆಯಾಗಲು ಕಾರಣಗಳನ್ನು ಹೇಳುತ್ತ, ಅಗ್ಗದ ದರದಲ್ಲಿ ಬ್ಯಾಟರಿ ಬದಲಿಸಿಕೊಂಡವರನ್ನೂ ಅವರು ಹೆಸರಿಸಿದ್ದರು. ಹೊಸ ಬ್ಯಾಟರಿ ಹೊಸ ಫೋನಿನ ಖರೀದಿಯನ್ನು ಮುಂದೂಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ರಿಪೇರಿ ಮೇಜಿನ ಮುಂದೆ ನಿಂತರೆ ಅಂಟಿನ ವಿನ್ಯಾಸದ ಬೆಲೆ ಕಣ್ಣಿಗೆ ಕಾಣುತ್ತದೆ. ಫೋನನ್ನು ಬಿಸಿ ಮಾಡಿ ಅಂಟು ಮೆತ್ತಗಾದ ಮೇಲೆ, ಅಂಚಿನ ಸಂದಿಗೆ ತೆಳು ಪ್ಲಾಸ್ಟಿಕ್ ಚೂರು ತೂರಿಸಿ ಒಂದೊಂದೇ ಬದಿ ಎಬ್ಬಿಸುತ್ತಾರೆ. ಅವಸರಪಟ್ಟರೆ ಗಾಜು ಚಟ್ಟೆನ್ನುತ್ತದೆ. ಒಳಗೆ ಬ್ಯಾಟರಿಯ ಅಡಿಗೂ ಅಂಟು. ಅಲ್ಲಿಗೆ ಎರಡು ಹನಿ ಆಲ್ಕೋಹಾಲ್ ಬಿಟ್ಟು ಕಾಯಬೇಕು; ಲೋಹದ ಚಪ್ಪಟೆ ಕಡ್ಡಿಯಿಂದ ಮೀಟಿದರೆ ಬ್ಯಾಟರಿ ಬಾಗಿ, ಚುಚ್ಚಿಹೋಗಿ ಹೊತ್ತಿಕೊಳ್ಳುವ ಅಪಾಯ. ‘ಸಾರ್, ಒರಿಜಿನಲ್ ಹಾಕ್ಲಾ, ಕಾಪಿ ಹಾಕ್ಲಾ?’ ಎಂಬ ಪ್ರಶ್ನೆ ಆಮೇಲಿನದು. ಮುಚ್ಚುವಾಗ ಸುತ್ತಲೂ ಹೊಸ ಅಂಟುಪಟ್ಟಿ ಹಾಕಿ ಒತ್ತಿಡದಿದ್ದರೆ ಡಬ್ಬಿಯ ಮೇಲಿದ್ದ ಐಪಿ68 ಅಲ್ಲಿಗೇ ಮುಗಿಯಿತು. ಎಸ್5ರಲ್ಲಿ ಇದೇ ಕೆಲಸಕ್ಕೆ ಒಂದು ಉಗುರು ಸಾಕಾಗಿತ್ತು.

ಹಾಗಾದರೆ ಬೇರೆ ದಾರಿ ಇದೆಯೇ? ಆಮ್‌ಸ್ಟರ್‌ಡ್ಯಾಮ್‌ನ ಫೇರ್‌ಫೋನ್ ಕಂಪನಿ ಇದೆ ಎಂದು ತೋರಿಸಿದೆ. 2023ರ ಫೇರ್‌ಫೋನ್ 5ರ ಬೆನ್ನು ಕೈಯಲ್ಲೇ ಕಳಚುತ್ತದೆ. ಪರದೆ, ಕ್ಯಾಮೆರಾ, ಚಾರ್ಜಿಂಗ್ ಜಾಗ ಎಲ್ಲವನ್ನೂ ಸಾಮಾನ್ಯ ಸ್ಕ್ರೂ ಡ್ರೈವರ್‌ನಿಂದ ಬದಲಿಸಬಹುದು. ಐಫಿಕ್ಸಿಟ್ ಅದಕ್ಕೆ ಹತ್ತಕ್ಕೆ ಹತ್ತು ಕೊಟ್ಟಿದೆ. ಆದರೆ ಕುರುಡಾಗಿ ಹೊಗಳುವಂತಿಲ್ಲ. ಬಿಡುಗಡೆಯ ಬೆಲೆ 699 ಯೂರೊ. ಆ ದರಕ್ಕೆ ಸಿಗುವ ಬೇರೆ ಫೋನುಗಳಲ್ಲಿ ಇದಕ್ಕಿಂತ ವೇಗದ ಚಿಪ್ ಇತ್ತು. ನೀರು ತಡೆಯುವ ದರ್ಜೆ ಐಪಿ55 ಮಾತ್ರ: ಮಳೆಗೆ ಸರಿ, ಮುಳುಗಿದರೆ ಇಲ್ಲ. ಭಾರತದ ಅಂಗಡಿಗಳಲ್ಲಿ ಅದು ಸಿಗುವುದೂ ಇಲ್ಲ.

ಒಂದು ಸಣ್ಣ ಕಂಪನಿಯ ಒಳ್ಳೆಯತನಕ್ಕಿಂತ ಕಾನೂನಿನ ಕೈ ಉದ್ದ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಮಡಚದ ಫೋನು ಕವರ್ ಇಲ್ಲದೆಯೇ 45 ಬೀಳುಗಳ ಪರೀಕ್ಷೆ ದಾಟಬೇಕು, ಬ್ಯಾಟರಿ 800 ಚಾರ್ಜುಗಳ ನಂತರವೂ ಶೇ 80 ಉಳಿಸಿಕೊಳ್ಳಬೇಕು, ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗ ಸಿಗಬೇಕು, ಕನಿಷ್ಠ ಐದು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಬರಬೇಕು. ರಿಪೇರಿ ಎಷ್ಟು ಸುಲಭ ಎಂಬ ದರ್ಜೆಯನ್ನು ಲೇಬಲ್ ಮೇಲೆ ಅಚ್ಚು ಹಾಕಬೇಕು. ಇದರಲ್ಲೂ ಒಂದು ಸಂದಿಯಿದೆ: 1,000 ಚಾರ್ಜುಗಳ ನಂತರವೂ ಶೇ 80 ಉಳಿಸಿಕೊಳ್ಳುವಂಥ ಬ್ಯಾಟರಿ ಹಾಕಿ, ನೀರಿಗೂ ಭದ್ರ ಮಾಡಿದರೆ, ಬಳಕೆದಾರರೇ ಬ್ಯಾಟರಿ ಬದಲಿಸುವಂತಿರಬೇಕು ಎಂಬ ಷರತ್ತಿನಿಂದ ವಿನಾಯಿತಿ ಸಿಗುತ್ತದೆ. ಬಾಳಿಕೆಯ ಬ್ಯಾಟರಿ ಒಳ್ಳೆಯದೇ. ಆದರೆ ಅದೂ ಒಂದು ದಿನ ಸವೆಯುತ್ತದಲ್ಲ.

ಈಗ ಕೈಯಲ್ಲಿರುವ ಫೋನ್ ಬದಲಿಸಬೇಕೋ ಬೇಡವೋ ಎಂಬ ಪ್ರಶ್ನೆಗೆ ಬರೋಣ. ಚಾರ್ಜ್ ಹತ್ತುತ್ತಿಲ್ಲವೇ? ಜೇಬಿನ ನೂಲು, ದೂಳು ಚಾರ್ಜಿಂಗ್ ಜಾಗದಲ್ಲಿ ಒತ್ತಿ ಕೂತಿರಬಹುದು. ಫೋನ್ ಆಫ್ ಮಾಡಿ ಮರದ ಕಡ್ಡಿಯಿಂದ ಮೆಲ್ಲಗೆ ಕೆದಕಿ ನೋಡಬೇಕು. ನಿಧಾನವಾಗಿದೆಯೇ? ಸ್ಟೋರೇಜ್ ಭರ್ತಿಯಾದರೂ ಫೋನ್ ತಡವರಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಗುಡ್ಡೆಬಿದ್ದ ಶುಭೋದಯದ ಚಿತ್ರ, ವಿಡಿಯೊಗಳನ್ನು ಅಳಿಸಿದರೆ ಉಸಿರಾಡುತ್ತದೆ. ಬ್ಯಾಟರಿಯ ಆರೋಗ್ಯ ಶೇ 80ಕ್ಕಿಂತ ಕೆಳಗಿಳಿದಿದ್ದರೆ ಬ್ಯಾಟರಿ ಹಾಕಿಸಬೇಕು. ಊದಿಕೊಂಡು ಬೆನ್ನು ಎದ್ದಿದ್ದರೆ ಅಂದೇ ಬಳಸುವುದನ್ನು ನಿಲ್ಲಿಸಿ ತೆಗೆಸಬೇಕು. ಡಿಸ್‌ಪ್ಲೇ ಬದಲಿಸುವ ಖರ್ಚು ಅಂಥದ್ದೇ ಸೆಕೆಂಡ್ ಹ್ಯಾಂಡ್ ಫೋನಿನ ಅರ್ಧ ಬೆಲೆ ದಾಟಿದರೆ, ಅಥವಾ ಬೋರ್ಡೇ ಹೋಗಿದ್ದರೆ, ಹೊಸದನ್ನು ನೋಡುವುದು ಸರಿ.

ಗಟ್ಟಿಮುಟ್ಟಾಗಿದ್ದರೂ ಬದಲಿಸಲೇಬೇಕಾದ ಸಂದರ್ಭ ಒಂದಿದೆ: ಸೆಕ್ಯುರಿಟಿ ಅಪ್‌ಡೇಟ್ ನಿಂತಾಗ. ಯುಪಿಐ, ಬ್ಯಾಂಕ್ ಆ್ಯಪ್ ಇರುವ ಫೋನಿನಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ಹಳೆಯ ಸಾಫ್ಟ್‌ವೇರನ್ನು ಆ್ಯಪ್‌ಗಳೂ ಕೈಬಿಡುತ್ತವೆ. ವಾಟ್ಸ್‌ಆ್ಯಪ್ 2025ರ ಜನವರಿಯಲ್ಲಿ ಆಂಡ್ರಾಯ್ಡ್ 4.4ನ್ನು, ಕೆಲವು ತಿಂಗಳ ಬಳಿಕ ಐಫೋನ್ 6ರಂಥ ಹಳೆಯ ಫೋನುಗಳನ್ನು ಕೈಬಿಟ್ಟಿತು; ಅವುಗಳಲ್ಲಿ ಕೆಲವು ಆಗಲೂ ಚೆನ್ನಾಗಿಯೇ ನಡೆಯುತ್ತಿದ್ದವು. ಒಳ್ಳೆಯ ಸುದ್ದಿಯೆಂದರೆ ಗೂಗಲ್ ಪಿಕ್ಸೆಲ್ 8ಕ್ಕೆ (2023) ಮತ್ತು ಸ್ಯಾಮ್‌ಸಂಗ್ ಎಸ್24ಕ್ಕೆ (2024) ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಹೇಳಿವೆ. ಏಳು ವರ್ಷದ ಸಾಫ್ಟ್‌ವೇರ್ ಕೊಟ್ಟು ಬ್ಯಾಟರಿಯನ್ನು ಅಂಟಿನೊಳಗೆ ಹೂತಿಟ್ಟರೆ ಆ ಮಾತು ಅರ್ಧ ಮಾತ್ರ ಉಳಿಸಿಕೊಂಡಂತೆ.

ಪರಿಸರದ ಲೆಕ್ಕವೂ ಇದನ್ನೇ ಹೇಳುತ್ತದೆ. ಆಪಲ್‌ನದೇ ವರದಿಗಳ ಪ್ರಕಾರ ಒಂದು ಐಫೋನ್ ತನ್ನ ಆಯುಷ್ಯದಲ್ಲಿ ಉಂಟುಮಾಡುವ ಇಂಗಾಲದ ಹೊರೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ತಯಾರಿಕೆಯದ್ದು. ಮರುಬಳಕೆ ಘಟಕಕ್ಕೆ ಹೋದ ಫೋನಿನಿಂದ ತಾಮ್ರ, ಚಿನ್ನ ಮರಳಿ ಸಿಗಬಹುದು. ತಯಾರಿಸಲು ಸುಟ್ಟ ಇಂಧನ ಸಿಗುವುದಿಲ್ಲ.

ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ದೇವನಹಳ್ಳಿಯ ಬಳಿ ಈಗ ಐಫೋನುಗಳು ತಯಾರಾಗುತ್ತಿವೆ. ಫೋನ್ ಜೋಡಿಸುವ ನಾಡಿನಲ್ಲಿ ಅದನ್ನು ಬಿಚ್ಚುವ ಹಕ್ಕಿಗೂ ಬೆಲೆ ಇರಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ರಿಪೇರಿ ಸೂಚ್ಯಂಕ ಬೇಕೆಂದು ಅದರ ಸಮಿತಿ 2025ರಲ್ಲಿ ಶಿಫಾರಸನ್ನೂ ಮಾಡಿತು. ಆ ಅಂಕ ಪ್ರತಿ ಫೋನಿನ ಡಬ್ಬಿಯ ಮೇಲೆ ಬೆಲೆಯ ಪಕ್ಕದಲ್ಲೇ ಕಡ್ಡಾಯವಾಗಿ ಅಚ್ಚಾಗಬೇಕು. ಅಲ್ಲಿಯವರೆಗೆ ಮುಂದಿನ ಫೋನ್ ಕೊಳ್ಳಲು ಹೋದವರು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಎರಡು ವಿಷಯ ಕೇಳಲಿ: ಸೆಕ್ಯುರಿಟಿ ಅಪ್‌ಡೇಟ್ ಯಾವ ವರ್ಷದವರೆಗೆ, ಇದರ ಬ್ಯಾಟರಿ ಹಾಕಿಸಲು ಸರ್ವಿಸ್ ಸೆಂಟರ್‌ನಲ್ಲಿ ಎಷ್ಟು.