ಹೊಸ್ತಿಲೊಳಗಣ ಉಪಚಾರ

ದೇವತಾರ್ಚನೆಯಲ್ಲಿ ಷೋಡಶೋಪಚಾರಗಳ ಕ್ರಮವನ್ನು ಗೊತ್ತುಮಾಡಿದ ನಮ್ಮ ಹಿರಿಯರು, ಬಾಗಿಲಿಗೆ ಬಂದ ಅತಿಥಿಯನ್ನು ಗೃಹಸ್ಥನಾದವನು ಸತ್ಕರಿಸತಕ್ಕ ರೀತಿಯನ್ನೇ ದೇವರಿಗೂ ಅನ್ವಯಿಸಿದರೆಂಬುದು, ಆ ಕ್ರಮವನ್ನು ಒಮ್ಮೆ ಮನಸ್ಸಿಟ್ಟು ನೋಡಿದವರಿಗೆ ತಾನಾಗಿಯೇ ವೇದ್ಯವಾಗುತ್ತದೆ. ಮೊದಲು ಆಸನ, ಅನಂತರ ಕಾಲಿಗೆ ಪಾದ್ಯ, ಅದಾದ ಮೇಲೆ ಕೈಗೆ ಅರ್ಘ್ಯ. ಗಂಧ, ಪುಷ್ಪ, ಧೂಪ, ದೀಪಗಳೆಂಬ ಉಪಚಾರಗಳೆಲ್ಲ ಇವು ಮುಗಿದು, ಬಂದವನ ದಣಿವು ಆರಿದ ಬಳಿಕ ಬರತಕ್ಕವು. ಮಲೆನಾಡಿನ ತೊಟ್ಟಿಯ ಮನೆಗಳಲ್ಲಿ, ಶಾಸ್ತ್ರವನ್ನು ಓದಿ ಅರಿಯದವರೂ ಸಹ, ಬಂದ ನೆಂಟರಿಗೆ ಕಾಲಿಗೆ ನೀರು ಕೊಟ್ಟು, ಜಗಲಿಯ ಮೇಲೆ ಚಾಪೆ ಹಾಸಿ, ಬೆಲ್ಲ ನೀರುಗಳನ್ನು ಮುಂದಿಟ್ಟು, ಆಮೇಲೆ ತಾನೆ ಮಳೆ ಬೆಳೆಗಳ ಮಾತು ತೆಗೆಯುತ್ತಿದ್ದರು!

ಸಣ್ಣ ಮನೆಯೊಂದರ ಬಾಗಿಲ ಒಳಗಿನ ಅಂಗೈಯಗಲದ ಜಾಗವನ್ನು ಸಜ್ಜುಗೊಳಿಸುವ ಕಲೆಗೂ ಈ ಕ್ರಮಕ್ಕಿಂತ ಮೇಲಾದ ಸೂತ್ರ ಬೇಕಾಗಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾಲಿಗೆ ಸಲ್ಲತಕ್ಕುದು ಮೊದಲು, ಕೈಗೆ ಸಲ್ಲತಕ್ಕುದು ಆಮೇಲೆ, ಕಣ್ಣಿಗೆ ಸಲ್ಲತಕ್ಕುದು ಕಟ್ಟಕಡೆಗೆ. ಆದರೆ ಇಂದಿನ ಗೃಹಾಲಂಕಾರದ ಉತ್ಸಾಹಿಗಳು ಪೂಜೆಯನ್ನು ಮಂಗಳಾರತಿಯಿಂದಲೇ ತೊಡಗಿಸುವವರಾದ್ದರಿಂದ, ಕನ್ನಡಿ, ಚಿತ್ರಪಟ, ಬಣ್ಣದ ದೀಪಗಳನ್ನು ಮುಂಚಿತವಾಗಿ ಕೊಂಡು ಗೋಡೆಗೇರಿಸಿ, ಪಾದ್ಯಕ್ಕೆ ಎಡೆಯುಳಿಯದೆ, ಮನೆಮಂದಿಯ ಚಪ್ಪಲಿಗಳನ್ನೆಲ್ಲ ಮೆಟ್ಟಿಲ ತಿರುವಿನಲ್ಲಿ ರಾಶಿ ಹಾಕಿ, ನೆರೆಯವರ ನಿಷ್ಠುರಕ್ಕೆ ಗುರಿಯಾಗುತ್ತಾರೆ.

ನಾನು ವಾಸಿಸುವ ಕಲ್ಕತ್ತೆಯ ಟಾಲಿಗಂಜ್ ಈ ವಿಷಯದ ವ್ಯಾಸಂಗಕ್ಕೆ ಬಹಳ ಒಪ್ಪುವ ಸ್ಥಳ. ಹೂಳು ತುಂಬಿ ಹೋಗಿದ್ದ ಆದಿಗಂಗೆಯ ಪಾತ್ರವನ್ನು 1770ರ ದಶಕದಲ್ಲಿ ತೋಡಿಸಿ ನಾವೆಗಳಿಗೆ ಹಾದಿಮಾಡಿದ ವಿಲಿಯಂ ಟಾಲಿಯ ಹೆಸರನ್ನು ಹೊತ್ತ ಈ ಪ್ರದೇಶಕ್ಕೂ ನಮ್ಮ ಮೈಸೂರು ಸೀಮೆಗೂ ಹಳೆಯ ನಂಟುಂಟು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ವೆಲ್ಲೂರಿನ ಕೋಟೆಯಲ್ಲಿರಿಸಲ್ಪಟ್ಟಿದ್ದ ಟಿಪ್ಪುಸುಲ್ತಾನನ ಮಕ್ಕಳನ್ನು, 1806ರಲ್ಲಿ ಅಲ್ಲಿ ಸಿಪಾಯಿಗಳ ಬಂಡಾಯವೆದ್ದ ತರುವಾಯ, ಕುಟುಂಬ ಪರಿವಾರ ಸಮೇತವಾಗಿ ತಂದು ನೆಲೆಗೊಳಿಸಿದುದು ಇಲ್ಲಿಯೇ. ಪ್ರಿನ್ಸ್ ಅನ್ವರ್ ಷಾ ರಸ್ತೆ, ಪ್ರಿನ್ಸ್ ಗುಲಾಂ ಮಹಮ್ಮದ್ ಷಾ ರಸ್ತೆ ಎಂಬ ಹೆಸರುಗಳನ್ನು ಬೀದಿಯ ಫಲಕಗಳಲ್ಲಿ ಓದುವಾಗ ಕನ್ನಡಿಗನ ಮನಸ್ಸು ಒಂದು ಗಳಿಗೆಯಾದರೂ ಕಾವೇರಿಯ ತೀರಕ್ಕೆ ಹೋಗಿ ಬರುವುದು ಸಹಜ. ಅರಸುಮಕ್ಕಳು ಪಾಲಕಿಯಿಂದಿಳಿಯುತ್ತಿದ್ದ ಆ ನೆಲದಲ್ಲಿ ಈಗ ಎದ್ದಿರುವ ನಾಲ್ಕಂತಸ್ತಿನ ಫ್ಲಾಟುಗಳಲ್ಲಿ, ತಲೆಬಾಗಿಲಿನ ಒಳಗೆ ದೊರೆಯುವ ಜಾಗ ಸಾಮಾನ್ಯವಾಗಿ ನಾಲ್ಕಡಿ ಅಗಲ, ಐದಡಿ ಉದ್ದ.

ಇಷ್ಟು ಇಕ್ಕಟ್ಟು ಇಲ್ಲಿ ಮೊದಲಿನಿಂದಲೂ ಇದ್ದುದಲ್ಲ. ದೇಶವಿಭಜನೆಯ ಕಾಲದಲ್ಲಿ ಪೂರ್ವಬಂಗಾಳದಿಂದ ಸರ್ವಸ್ವವನ್ನೂ ತೊರೆದು ಬಂದವರು, ಬಿಜಯಗಢ, ನೇತಾಜಿನಗರ, ಆಜಾದಗಢಗಳೆಂಬ ಕಾಲೊನಿಗಳಲ್ಲಿ ತಾವಾಗಿಯೇ ಕಟ್ಟಿಕೊಂಡ ಪುಟ್ಟ ಮನೆಗಳಿಗೂ ಅಂಗಳವೆಂಬುದೊಂದಿದ್ದಿತು. ಉತ್ತರ ಕಲ್ಕತ್ತೆಯ ಹಳೆಯ ಮನೆಗಳಿಗಂತೂ, ಬೀದಿಗೂ ಬಾಗಿಲಿಗೂ ನಡುವೆ, ಬಂಗಾಳಿಗಳು ರೋಯಾಕ್ ಎಂದು ಕರೆಯುವ ಸಿಮೆಂಟಿನ ಕಟ್ಟೆ ತಪ್ಪದೆ ಇರುತ್ತಿತ್ತು. ಸಂಜೆಯ ಹರಟೆಯ ಗೋಷ್ಠಿಗೆ ಅದೇ ಪೀಠ. ಬಂದವರು ಕೊಡೆ ಕೊಡವುವುದೂ, ಮಕ್ಕಳು ಕೆಸರುಗಾಲು ಒರೆಸುವುದೂ, ತರಕಾರಿಯವನು ಬುಟ್ಟಿಯಿಳಿಸುವುದೂ ಅಲ್ಲಿಯೇ. ನಮ್ಮ ಜಗಲಿಯ ಒಡಹುಟ್ಟು ಅದು. ಪ್ರೊಮೋಟರುಗಳು ಹಳೆಯ ಮನೆಗಳನ್ನು ಕೆಡವಿ ಫ್ಲಾಟುಗಳನ್ನೆಬ್ಬಿಸತೊಡಗಿದ ಮೇಲೆ ರೋಯಾಕ್ ಮಾಯವಾಯಿತಾದರೂ, ಅದು ನಿರ್ವಹಿಸುತ್ತಿದ್ದ ಕೆಲಸಗಳು ಮಾಯವಾಗಲಿಲ್ಲ. ಅವೆಲ್ಲವೂ ಬಾಗಿಲನ್ನು ದಾಟಿ ಒಳಗೆ ಬಂದು, ಈ ನಾಲ್ಕೈದು ಅಡಿಗಳ ಮೇಲೆ ಬಿದ್ದುವು. ಆದುದರಿಂದ ಇದನ್ನು ಅಲಂಕಾರದ ಪ್ರಶ್ನೆಯೆಂದು ತಿಳಿಯುವವರು ಪ್ರಶ್ನೆಯನ್ನೇ ಅರಿತಿಲ್ಲವೆಂದು ಹೇಳಬೇಕಾಗುತ್ತದೆ.

ಮೊದಲು ಮಾಡತಕ್ಕ ಕೆಲಸ ಬಾಗಿಲು ತಿರುಗುವ ಕಮಾನನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತಿಸುವುದು. ಮೂರಡಿ ಅಗಲದ ಬಾಗಿಲು ಒಳಮುಖವಾಗಿ ತೆರೆದಾಗ, ಕೀಲುಗಳಿರುವ ಬದಿಯ ಗೋಡೆಯ ಮೂರಡಿ ಅದರ ಪಾಲಾಗುತ್ತದೆ. ಅಲ್ಲಿ ಒಂದು ಮೊಳೆಯನ್ನು ಕೂಡ ಹೊಡೆಯಬಾರದು. ಚಿಲಕದ ಬದಿಯ ಗೋಡೆಗೆ ಒತ್ತಿಕೊಂಡು ಏಳೆಂಟು ಅಂಗುಲದ ಪಟ್ಟಿಯೊಂದೂ, ಕಮಾನಿನಾಚೆ ಎರಡಡಿಯ ಜಾಗವೂ ಉಳಿಯುತ್ತವೆ. ನಡೆಯುವ ಹಾದಿಯನ್ನು ಮೂರಡಿಗಿಂತ ಕಿರಿದುಗೊಳಿಸದೆ ಈ ಎರಡು ತಾಣಗಳಲ್ಲಿ ಏನು ಹಿಡಿಸುತ್ತದೆಯೋ ಅದೇ ನಮ್ಮ ಸಂಪತ್ತು. ಸನಕಾದಿ ಮುನಿಗಳನ್ನು ವೈಕುಂಠದ ಬಾಗಿಲಲ್ಲಿ ತಡೆದ ಜಯವಿಜಯರು ಮೂರು ಜನ್ಮ ಹರಿದ್ವೇಷಿಗಳಾಗಿ ಹುಟ್ಟಬೇಕಾಯಿತು. ಬಂದವರ ಮೊಣಕಾಲಿಗೆ ಎಡತಾಕುವ ಬೀರುವನ್ನು ಬಾಗಿಲಲ್ಲಿ ನಿಲ್ಲಿಸುವವರು ಆ ಕಥೆಯನ್ನು ಸ್ಮರಿಸಿಕೊಳ್ಳುವುದು ಮೇಲು.

ಇನ್ನು ಹೊಸ್ತಿಲಿನ ಮಾತು. ಒಳಗೂ ಅಲ್ಲದ ಹೊರಗೂ ಅಲ್ಲದ ಸ್ಥಳವೆಂದು ನರಸಿಂಹನು ಆರಿಸಿಕೊಂಡದ್ದು ಹೊಸ್ತಿಲನ್ನೇ. ನಮ್ಮ ಹೆಂಗಸರು ಬೆಳಗಾಗ ತೊಳೆದು, ಅರಿಸಿನ ಕುಂಕುಮವಿಟ್ಟು, ಎಳೆ ಎಳೆಯಾಗಿ ರಂಗೋಲಿಯೆಳೆಯುವುದೂ ಅದಕ್ಕೇ. ಬಂಗಾಳಿಗಳ ಮನೆಗಳಲ್ಲಿ ಆಶ್ವಯುಜ ಹುಣ್ಣಿಮೆಯ ಕೋಜಾಗರಿ ಲಕ್ಷ್ಮೀಪೂಜೆಯಂದು, ಅಕ್ಕಿಹಿಟ್ಟಿನ ಆಲ್ಪನಾದಿಂದ ಬರೆದ ಶ್ರೀಪಾದಗಳು ಹೊರಗಿನಿಂದ ಒಳಕ್ಕೆ ಹೆಜ್ಜೆಯಿಡುತ್ತ ಬರುವುದು ಅದರ ಮೇಲೆಯೇ. ಹೀಗಿದ್ದರೂ ಈಗಿನ ಕಟ್ಟಡಗಳಲ್ಲಿ ಹೊಸ್ತಿಲನ್ನೇ ಬಿಟ್ಟುಬಿಡುವ ವಾಡಿಕೆ ಬಂದಿದೆ. ಮುಕ್ಕಾಲು ಅಂಗುಲಕ್ಕಿಂತ ಎತ್ತರವಲ್ಲದ ಕರಿಯ ಕಲ್ಲಿನ ಪಟ್ಟಿಯೊಂದನ್ನು ಕೂಡಿಸಿದರೆ, ಮುದುಕರು ಎಡವುವ ಭಯವಿಲ್ಲದೆ, ಮಳೆಯ ಎರಚಲೂ ಜಿರಲೆಗಳೂ ಹೊರಗೇ ನಿಲ್ಲುತ್ತವೆ. ಪಾದರಕ್ಷೆಯ ರಾಜ್ಯ ಎಲ್ಲಿಗೆ ಮುಗಿಯಿತೆಂಬುದೂ ಕಣ್ಣಿಗೆ ಗೋಚರಿಸುತ್ತದೆ. ಜಪಾನಿನವರು ಗೆಂಕಾನ್ ಎಂಬ ತಮ್ಮ ಬಾಗಿಲೊಳಗಣ ತಾಣದ ನೆಲವನ್ನೇ ಒಂದು ಮೆಟ್ಟಿಲು ತಗ್ಗಿಸಿ, ಜೋಡುಗಳನ್ನು ಅಲ್ಲಿ ಬಿಟ್ಟು, ಮುಂಗಾಲು ಬಾಗಿಲ ಕಡೆಗಿರುವಂತೆ ಅವನ್ನು ತಿರುಗಿಸಿಟ್ಟು ಒಳಗೇರುತ್ತಾರೆ. ನೆಲ ತಗ್ಗಿಸಲಾರದ ನಾವು ನೆಲದ ಬಣ್ಣವನ್ನಾದರೂ ಬದಲಿಸಬಹುದು. ಬಂಗಾಳದ ಹಳೆಯ ಮನೆಗಳಿಗೂ ಮೈಸೂರು ಬೆಂಗಳೂರುಗಳ ಹಳೆಯ ಮನೆಗಳಿಗೂ ಸಮಾನವಾದ ಐಶ್ವರ್ಯವಾಗಿದ್ದ, ತುಳಿದಷ್ಟೂ ನಯವಾಗುವ ರೆಡ್ ಆಕ್ಸೈಡ್ ನೆಲವನ್ನು ಇಷ್ಟು ಜಾಗಕ್ಕೆ ಹಾಕಿಸಿ, ಗೋಡೆಯ ಬುಡಕ್ಕೂ ಒಂದಡಿ ಏರಿಸಿದರೆ, ಜೋಡುಗಳ ಕಲೆ ಕಾಣದು, ನೋಟಕ್ಕೂ ಗಾಂಭೀರ್ಯವುಂಟು.

ಆಸನಕ್ಕೆ ಬಂಗಾಳದ ಬೆತ್ತದ ಮೋಡಾಕ್ಕಿಂತ ಉತ್ತಮವಾದುದನ್ನು ನಾನು ಕಂಡಿಲ್ಲ. ಹದಿನಾರು ಅಂಗುಲದ ಎತ್ತರ, ಒಂದೇ ಕೈಯಲ್ಲಿ ಎತ್ತಬಹುದಾದ ಹಗುರ, ಕಮಾನಿನಾಚೆಯ ಎರಡಡಿಯಲ್ಲಿ ನೆಮ್ಮದಿಯಾಗಿ ಕೂರುವ ದುಂಡು ಆಕಾರ. ಲೇಸು ಬಿಚ್ಚುವ ವೃದ್ಧರಿಗೂ, ಮಗುವಿಗೆ ಬೂಟು ತೊಡಿಸುವ ತಾಯಿಗೂ ಅದು ಸಾಕು. ಪಕ್ಕದ ಗೋಡೆಯಲ್ಲಿ ಎದ್ದು ನಿಲ್ಲುವಾಗ ಹಿಡಿಯಲು ಒಂದು ಮರದ ಹಿಡಿಕೆಯಿದ್ದರೆ ಆಸನವು ಸಾಂಗವಾಯಿತೆನ್ನಬೇಕು.

ಪಾದ್ಯದ ವಿಷಯದಲ್ಲಿ ಮಾತ್ರ ವಿಸ್ತಾರವಾಗಿ ವಿಚಾರಮಾಡದೆ ಗತ್ಯಂತರವಿಲ್ಲ. ಏಕೆಂದರೆ ಈ ನಗರದಲ್ಲಿ ನಮ್ಮ ಎದುರಾಳಿ ಹವೆ. ವರ್ಷಕ್ಕೆ 1,600 ಮಿಲಿಮೀಟರಿಗೂ ಮಿಕ್ಕು, ಅಂದರೆ ಮೈಸೂರಿನದರ ಸುಮಾರು ಇಮ್ಮಡಿಯಷ್ಟು, ಮಳೆ ಸುರಿಯುವ ಈ ಊರಿನಲ್ಲಿ, ಗಾಳಿಯಾಡದ ಪೆಟ್ಟಿಗೆಯೊಳಗೆ ಜೂನಿನಲ್ಲಿಟ್ಟ ತೊಗಲಿನ ಜೋಡು ದುರ್ಗಾಪೂಜೆಯ ಹೊತ್ತಿಗೆ ಬೂಸು ಹಿಡಿದು ಹಸುರಾಗಿರುತ್ತದೆ. ಅಂಗಡಿಗಳಲ್ಲಿ ಹೊಳೆಯುವ, ನಾಲ್ಕು ಕಡೆಯೂ ಮುಚ್ಚಿದ, ಒತ್ತಿದ ಹೊಟ್ಟಿನ ಹಲಗೆಯ ಪೆಟ್ಟಿಗೆಗಳು ಇಲ್ಲಿಗೆ ಸರ್ವಥಾ ಸಲ್ಲವು. ತೇವ ಕುಡಿದು ಅವು ಉಬ್ಬುತ್ತವೆ. ಇದಕ್ಕೆ ಪರಿಹಾರವನ್ನು ಈ ಊರಿನ ಹಳೆಯ ಬಡಗಿಗಳೇ ತೋರಿಸಿಕೊಟ್ಟಿದ್ದಾರೆ. ಬಿಸಿಲನ್ನು ತಡೆದು ಗಾಳಿಯನ್ನು ಬಿಡುವ, ಓರೆಯಾದ ಮರದ ಪಟ್ಟಿಗಳ ಹಸುರು ಕಿಟಕಿಕದಗಳು, ಇಲ್ಲಿಯವರ ಮಾತಿನಲ್ಲಿ ಖಡಖಡಿ, ಹಳೆಯ ಕಲ್ಕತ್ತೆಯ ಮುಖಲಕ್ಷಣವೇ ಆಗಿವೆ. ಕೆಡವಿದ ಮನೆಗಳ ಇಂಥ ಕದಗಳು ಹಳೆಮರದ ವ್ಯಾಪಾರಿಗಳಲ್ಲಿ ದೊರಕುತ್ತವೆ. ಎಷ್ಟೋ ಸಲ ಅವು ಬರ್ಮಾ ತೇಗದವು. ಅಂಥದೊಂದು ಕದವನ್ನು ಕೊಂಡು, ಅದನ್ನೇ ಮುಂಬದಿಯಾಗಿಟ್ಟು, ಏಳಂಗುಲ ಆಳದ ಗೂಡೊಂದನ್ನು ಚಿಲಕದ ಬದಿಯ ಗೋಡೆಗೆ ಮಾಡಿಸತಕ್ಕದ್ದು. ಗಂಡಸರ ಜೋಡು ಹನ್ನೆರಡಂಗುಲ ಉದ್ದವಿರುವಾಗ ಏಳಂಗುಲ ಹೇಗೆ ಸಾಕಾದೀತೆಂದರೆ, ಒಳಗಿನ ಹಲಗೆಗಳನ್ನು ಕಡಿದಾದ ಓರೆಯಾಗಿ ಕೂಡಿಸಿ, ಜೋಡುಗಳನ್ನು ಹಿಮ್ಮಡಿ ಕೆಳಗಾಗಿ ನಿಲ್ಲಿಸುವುದರಿಂದ.

ಈ ಗೂಡು ನೆಲವನ್ನು ಮುಟ್ಟಬಾರದು. ಮೇಲಂತಸ್ತಿನ ಮನೆಗಳಲ್ಲಿ ಆರಂಗುಲ ಎತ್ತರಿಸಿದರೆ ಕೆಳಗೆ ನೆಲವೊರೆಸುವುದು ಸುಲಭ; ಮಳೆಗಾಲದಲ್ಲಿ ನೀರು ನುಗ್ಗುವ ಓಣಿಗಳ ನೆಲಮಹಡಿಯಲ್ಲಿರುವವರು, ಹಿಂದಿನ ವರ್ಷಗಳ ನೀರಿನ ಗೆರೆಯನ್ನು ಗೋಡೆಯಲ್ಲಿ ನೋಡಿ, ಅದಕ್ಕಿಂತ ಮೇಲೆ ಕೂಡಿಸತಕ್ಕದ್ದು. ಗೋಡೆಗೂ ಗೂಡಿಗೂ ನಡುವೆ ಒಂದಂಗುಲ ಬಿಡುವುದನ್ನೂ ಮರೆಯಬಾರದು. ಇಲ್ಲಿಯವರು ನೋನಾ ಎನ್ನುವ ಉಪ್ಪಿನ ತೇವ ಇಟ್ಟಿಗೆಯೊಳಗಿನಿಂದ ಏರಿ ಬಂದು ಗಾರೆಯನ್ನು ಉದುರಿಸುತ್ತದೆ. ಅದಕ್ಕೆ ಒತ್ತಿಟ್ಟ ಮರವೂ ಕೆಡುತ್ತದೆ. ಅಂಥ ಗೋಡೆಗೆ ಪ್ಲಾಸ್ಟಿಕ್ ಬಣ್ಣ ಬಳಿಯುವುದು ರೋಗಿಯ ಮೇಲೆ ಜರತಾರಿ ಹೊದಿಸಿದಂತೆಯೇ ಸರಿ. ಉಸಿರಾಡುವ ಸುಣ್ಣವೇ ಅಲ್ಲಿಗೆ ಹಿತ.

ಕೊಡೆಗಳಿಗೆ ಹಿತ್ತಾಳೆಯ ಕೊಳವೆಗಳನ್ನು ಕೊಳ್ಳುವವರುಂಟು. ಒದ್ದೆಯ ಬಟ್ಟೆಯನ್ನು ಇಕ್ಕಟ್ಟಿನಲ್ಲಿ ತುರುಕಿದರೆ ಕಂಬಿ ತುಕ್ಕು ಹಿಡಿಯುವುದಲ್ಲದೆ ಬೇರೆ ಫಲವಿಲ್ಲ. ಗೂಡಿನ ಕೊನೆಯಲ್ಲಿ ಎರಡು ಕೊಕ್ಕೆಗಳು, ಅವುಗಳ ಕೆಳಗೆ ಬೆಣಚುಕಲ್ಲು ತುಂಬಿದ ಒಂದು ಮಣ್ಣಿನ ತಟ್ಟೆ, ಇಷ್ಟಿದ್ದರೆ ವೈಶಾಖದ ಕಾಲಬೈಶಾಖಿ ಬಿರುಮಳೆಯಿಂದ ಆಶ್ವಯುಜದ ಕೊನೆಯ ಮಳೆಯವರೆಗೂ ಯೋಚನೆಯಿಲ್ಲ. ಕಾಲೊರಸಿಗೆ ಹೊಸ್ತಿಲ ಹೊರಗೆ ತೆಂಗಿನ ನಾರಿನದು, ಒಳಗೆ ಸೆಣಬಿನದು; ಹೂಗ್ಲಿಯ ದಡದಲ್ಲಿ 1855ರಿಂದ ಗಿರಣಿಗಳಲ್ಲಿ ನೂಲಲ್ಪಡುತ್ತಿರುವ ಸೆಣಬನ್ನು ಬಿಟ್ಟು ದೂರದ ರಬ್ಬರಿಗೆ ಮನಸೋಲುವುದು ಅರಸಿಕತೆ.

ಕೈಗೆ ಬೇಕಾದುದು ಕಡಿಮೆ. ಹೊರಗಿನಿಂದ ಬಂದವನ ಕೈಯಲ್ಲಿ ಚೀಲವಿರುತ್ತದೆ, ಬೀಗದ ಕೈಯಿರುತ್ತದೆ, ಕಾಗದಪತ್ರಗಳಿರುತ್ತವೆ. ನಮ್ಮ ಹಳೆಯ ಮನೆಗಳ ಗೋಡೆಯಲ್ಲಿ ಗೂಟಗಳೂ, ಅವುಗಳ ಮೇಲೆ ನಾಗಂದಿಗೆಯೂ ಇದ್ದುದು ಈ ಕಾರ್ಯಕ್ಕಾಗಿಯೇ. ಅಮೆರಿಕದ ಷೇಕರ್ ಪಂಥದವರೂ ಕೋಣೆಯ ಸುತ್ತ ಗೂಟಗಳ ಪಟ್ಟಿಯನ್ನು ಹೊಡೆದು, ನೆಲ ಗುಡಿಸುವಾಗ ಕುರ್ಚಿಗಳನ್ನು ಸಹ ಅದಕ್ಕೇ ತೂಗುಹಾಕುತ್ತಿದ್ದರು. ದೊಡ್ಡವರಿಗೆ ಐದಡಿ ಎತ್ತರದಲ್ಲಿ ನಾಲ್ಕು ಗೂಟ, ಮಕ್ಕಳಿಗೆ ಮೂರಡಿಯಲ್ಲಿ ಎರಡು. ಜೋಡಿನ ಗೂಡಿನ ತಲೆಯೇ ಬೀಗದ ಕೈ, ಪತ್ರಗಳಿಗೆ ಹಲಗೆ. ಹಲಗೆ ಏಳಂಗುಲಕ್ಕಿಂತ ಅಗಲವಾಗದಿರುವುದು ಕೊರತೆಯಲ್ಲ, ಭಾಗ್ಯ. ಹದಿನೈದಂಗುಲದ ಹಲಗೆಯನ್ನು ಕೊಟ್ಟರೆ ಒಂದು ತಿಂಗಳೊಳಗೆ ಅದರ ಮೇಲೆ ಔಷಧದ ಸೀಸೆ, ಹಳೆಯ ಬಿಲ್ಲು, ಒಂಟಿ ಕೈಗವಸುಗಳು ಸಂಸಾರ ಹೂಡುತ್ತವೆ.

ರಸಿಕರು ಮೋಹಗೊಳ್ಳುವ ವಸ್ತುವೊಂದರ ವಿಚಾರವಾಗಿ ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಬೇಕಾಗಿದೆ. ಬೌಬಜಾರಿನ ಪೀಠೋಪಕರಣಗಳ ಅಂಗಡಿಗಳಲ್ಲಿಯೂ, 1940ರಿಂದ ನಡೆದುಬಂದಿರುವ ರಸೆಲ್ ಎಕ್ಸ್‌ಚೇಂಜಿನ ಭಾನುವಾರದ ಹರಾಜಿನಲ್ಲಿಯೂ, ಹಬೆಯಿಂದ ಮರವನ್ನು ಬಾಗಿಸುತ್ತಿದ್ದ ವಿಯೆನ್ನಾದ ಥೋನೆಟ್ಟನ ಶೈಲಿಯ ಟೋಪಿ ಕೋಟುಗಳ ನಿಲುಗಂಬಗಳು ಕಂಡುಬರುವುದುಂಟು. ಅವುಗಳ ಬಳುಕು ನಿಜವಾಗಿಯೂ ಮನೋಹರ. ಆದರೆ ಅವುಗಳ ಪಾದಗಳು ಸುಮಾರು ಎರಡಡಿ ವ್ಯಾಸವನ್ನು ಆಕ್ರಮಿಸುತ್ತವೆ; ನಮ್ಮ ಆಸನದ ಜಾಗವೇ ಅಷ್ಟು. ನೋಡಿ ಆನಂದಿಸಿ, ಬಿಟ್ಟು ಬರುವುದು ವಿವೇಕ.

ಇಷ್ಟೆಲ್ಲ ಆದ ಬಳಿಕ ಕಣ್ಣಿಗೆ ಉಳಿಯುವ ಪಾಲು ಸ್ವಲ್ಪವೇ. ಸ್ವಲ್ಪವಾದುದರಿಂದಲೇ ಅದು ಶೋಭಿಸುತ್ತದೆ. ಗೂಡಿನ ಮೇಲಣ ಗೋಡೆಗೆ ಒಂದು ಉದ್ದನೆಯ ಕನ್ನಡಿಯನ್ನು ಹಾಕಿದರೆ ನಾಲ್ಕಡಿ ಎಂಟಡಿಯಾಗಿ ತೋರುತ್ತದೆ. ಹೊರಡುವವರಿಗೆ ತಲೆ ಬಾಚಿದೆಯೋ ಇಲ್ಲವೋ ತಿಳಿಯುತ್ತದೆ. ದೀಪವು 2,700 ಕೆಲ್ವಿನ್‌ನ ಹಳದಿ ಬೆಳಕಿನದಾಗಿರಲಿ. ಬಿಳಿಯ ಬೆಳಕಿನಲ್ಲಿ ಕೆಂಪು ನೆಲ ಕಳೆಗುಂದುತ್ತದೆ. ಅಲಂಕಾರಕ್ಕೆ ಒಂದೇ ಒಂದು ವಸ್ತು. ಬಾಂಕುರಾ ಜಿಲ್ಲೆಯ ಪಾಂಚಮುಡಾದಲ್ಲಿ ಕುಂಬಾರರು ಮಾಡುವ, ಕಿವಿ ನಿಮಿರಿ ಕೊರಳೆತ್ತಿ ನಿಂತ ಮಣ್ಣಿನ ಕುದುರೆಯ ಅಂಗೈಯಗಲದ ಪ್ರತಿಮೆಯೊಂದು ಹಲಗೆಯ ಮೂಲೆಯಲ್ಲಿ ನಿಂತರೆ ಸಾಕು. ಬಾಗಿಲ ಮೇಲೆ ಮಾವಿನೆಲೆಯ ತೋರಣ ಹೇಗೂ ಇರುತ್ತದೆ. ಎರಡು ಕುದುರೆ ಬೇಡ. ಕುದುರೆಯ ಪಕ್ಕದಲ್ಲಿ ದೋಕ್ರಾ ಎರಕದ ಲೋಹದ ಆನೆಯೂ ಬೇಡ.

ದುರ್ಗಾಪೂಜೆಯ ಮುಂಚಿನ ಮಾರಾಟದ ಸಂಭ್ರಮ ಗಡಿಯಾಹಾಟಿನ ಪೇಟೆಯಲ್ಲಿ ಆರಂಭವಾಗುವ ಹೊತ್ತಿಗೆ ಮನೆಯನ್ನು ಹೊಸತುಮಾಡುವ ಉತ್ಸಾಹ ಎಲ್ಲರಿಗೂ ಬರುವುದರಿಂದ, ವಾಚಕ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಅಂಗಡಿಗೆ ಹೊರಡುವ ಮೊದಲು ಅಳತೆಯ ಟೇಪು ಹಿಡಿದು, ಬಾಗಿಲಿನ ತಿರುವನ್ನೂ, ಮನೆಯಲ್ಲಿ ಎಲ್ಲರಿಗಿಂತ ಉದ್ದನೆಯ ಜೋಡನ್ನೂ, ಚಿಲಕದ ಬದಿಯ ಗೋಡೆಯನ್ನೂ ಅಳೆದುಕೊಳ್ಳಿ, ಮೊದಲು ಬಡಗಿಯನ್ನು ಕರೆಯಿರಿ, ಕನ್ನಡಿಯವನನ್ನು ಕಡೆಯಲ್ಲಿ ಕರೆಯಿರಿ.