‘ಹಾಚಿ ನೋ ಕಿ’: ಕುಂಡದ ಮರಗಳ ನಾಟಕ

ಹೆಮ್ಮರವಾಗಬಲ್ಲ ಗಿಡವನ್ನು ಕಿರಿದಾದ ಕುಂಡದಲ್ಲಿ ಬೆಳೆಯಿಸುವ ಜಪಾನೀಯರ ಕಲೆಗೆ ಬೋನ್ಸಾಯ್ ಎಂದು ಹೆಸರು. ಇದರ ಮೂಲವು ಚೀನಾ ದೇಶದ್ದು. ಈ ಮರಗಳು ಹುಟ್ಟಿನಿಂದ ಕುಬ್ಜವಾದುವಲ್ಲ. ಬೇರನ್ನು ಕತ್ತರಿಸಿ, ಚಿಗುರನ್ನು ಚಿವುಟಿ, ಕೊಂಬೆಗೆ ತಂತಿಯನ್ನು ಸುತ್ತಿ ಬಾಗಿಸುವುದರಿಂದ ಚಿಕ್ಕವಾಗಿ ಉಳಿಯುವುವು. ಆದುದರಿಂದಲೇ, ಇದು ಕಲೆಯೋ ಹಿಂಸೆಯೋ ಎಂಬ ಆಕ್ಷೇಪವು ಹುಟ್ಟುವುದು. ಇದಕ್ಕೆ ಸಮಾಧಾನವನ್ನು ‘ಕುಂಡದ ಮರ’ ಎಂಬರ್ಥದ ‘ಹಾಚಿ ನೋ ಕಿ’ ಎಂಬ ಪ್ರಾಚೀನ ನೋ ನಾಟಕದಲ್ಲಿ ಅರಸಬಹುದು.

ಕಥೆಯು ಸರಳವಾದುದು. ಸಾನೋ ಪ್ರಾಂತದ ತ್ಸುನೆಯೋ ಎಂಬ ಯೋಧನು ದಾಯಾದಿಗಳಿಂದ ಭೂಮಿಯನ್ನು ಕಳೆದುಕೊಂಡು ಬಡತನಕ್ಕೀಡಾಗಿರುವನು. ಹಿಮ ಸುರಿಯುವ ಸಂಜೆ ಸನ್ಯಾಸಿಯೊಬ್ಬನು ಆಶ್ರಯವನ್ನು ಬೇಡುವನು. ನವಣೆಯ ಅನ್ನವನ್ನಿಕ್ಕಿದ ಮೇಲೆ ಸೌದೆಯಿಲ್ಲದಿರಲು, ಯೋಧನು ತನ್ನಲ್ಲಿ ಉಳಿದಿದ್ದ ಪ್ಲಮ್, ಚೆರ್ರಿ, ಪೈನ್ ಎಂಬ ಮೂರು ಕುಂಡದ ಮರಗಳನ್ನು ಕಡಿದು ಬೆಂಕಿಗಿಕ್ಕುವನು. ಆ ಸನ್ಯಾಸಿಯು 1246ರಿಂದ 1256ರ ವರೆಗೆ ಕಾಮಾಕುರದಲ್ಲಿ ರಾಜ್ಯಭಾರವನ್ನು ವಹಿಸಿದ್ದ ಹೋಜೋ ತೊಕಿಯೊರಿ. ಅವನು ಮುಂದೆ ಯೋಧನ ಭೂಮಿಯನ್ನು ಮರಳಿಸಿ, ಆ ಮೂರು ಮರಗಳ ಹೆಸರುಳ್ಳ ಮೂರು ಊರುಗಳನ್ನೂ ಕೊಡುವನು.

ನಾಟಕದ ಜೀವವಿರುವುದು ಕಡಿಯುವ ಸನ್ನಿವೇಶದಲ್ಲಿ. ಪ್ರತಿಯೊಂದು ಮರಕ್ಕೂ ಕತ್ತಿಯೆತ್ತುವಾಗ ಯೋಧನು ಅದರ ಆರೈಕೆಯನ್ನು ನೆನೆಯುವನು. ಆ ಮರಗಳು ಹಿಂಸೆಗೊಳಗಾದ ವಸ್ತುಗಳು ಮಾತ್ರವೇ ಆಗಿದ್ದರೆ ಅವು ಉರಿದಾಗ ಪ್ರೇಕ್ಷಕನಲ್ಲಿ ಕರುಣರಸವು ಹುಟ್ಟುತ್ತಿರಲಿಲ್ಲ. ನಿತ್ಯವೂ ಬಗ್ಗಿಸಿದ ಕೈಯೇ ನಿತ್ಯವೂ ನೀರೆರೆದುದೆಂಬುದು ಇಲ್ಲಿ ತಿಳಿಯುವುದು. ಪ್ರೀತಿಯೂ ಕಟ್ಟಿಹಾಕಬಲ್ಲುದೆಂಬುದು ನಿಜ. ಆದರೆ ತ್ಸುನೆಯೋನ ಪ್ರೀತಿಯು ಅಪರಿಚಿತನ ಚಳಿಗಿಂತ ತನ್ನ ಮರವು ದೊಡ್ಡದೆಂದು ಬಗೆಯಲಿಲ್ಲ.

ಕೃತಿಯ ದೋಷವಿರುವುದು ಬಹುಮಾನದಲ್ಲಿ. ಒಂದಕ್ಕೊಂದರಂತೆ ಊರುಗಳು ದೊರೆಯುವಾಗ ತ್ಯಾಗಕ್ಕೆ ಬೆಲೆ ಕಟ್ಟಿದಂತಾಗುವುದು. ಅತಿಥಿಯು ಯಾರೆಂದು ಅರಿಯದೆ ಕೊಟ್ಟನೆಂಬುದೊಂದೇ ಈ ದೋಷವನ್ನು ತಗ್ಗಿಸುವುದು.

ಬಹುಮಾನವಿಲ್ಲದ ಇಂತಹ ದಾನವನ್ನು ಚರಿತ್ರೆಯಲ್ಲಿ ಕಾಣಬಹುದು. ಹಿರೋಶಿಮಾದ ಯಾಮಾಕಿ ಮನೆತನದಲ್ಲಿದ್ದ ಬಿಳಿಯ ಪೈನ್ ಮರವೊಂದು 1625ರಿಂದಲೂ ಕುಂಡದಲ್ಲಿ ಬೆಳೆದುದು. 1945ರ ಆಗಸ್ಟ್ 6ರಂದು ಅಣುಬಾಂಬು ಸಿಡಿದ ಸ್ಥಳದಿಂದ ಸುಮಾರು ಎರಡು ಮೈಲಿ ದೂರದಲ್ಲಿದ್ದು ಅದು ಬದುಕುಳಿಯಿತು. ಮಸಾರು ಯಾಮಾಕಿಯವರು 1976ರಲ್ಲಿ ಅದನ್ನು ಅಮೆರಿಕೆಗೇ ಕಾಣಿಕೆಯಾಗಿ ಕೊಟ್ಟರು. ವಾಷಿಂಗ್ಟನ್ನಿನ ಸಸ್ಯೋದ್ಯಾನದವರಿಗೆ ಅದರ ಪೂರ್ಣ ಕಥೆಯು ತಿಳಿದುದು 2001ರಲ್ಲಿ, ಅವರ ಮೊಮ್ಮಕ್ಕಳು ಮರವನ್ನು ನೋಡಲು ಬಂದಾಗ. ತ್ಸುನೆಯೋನ ಮರಗಳು ಉರಿದು ಅತಿಥಿಯನ್ನು ಕಾಪಾಡಿದುವು. ಈ ಮರವು ಉರಿಯಿಂದುಳಿದು, ಉರಿಯನ್ನಿಟ್ಟವರ ನಾಡಿಗೇ ಅತಿಥಿಯಾಗಿ ಹೋಯಿತು.